ಗಣಿತದ ಮೇಷ್ಟ್ರ ಜಾಗಕ್ಕೆ ಪರದೆ ಬೇಡ

ಸರ್ಕಾರಿ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದರೆ ಶಾಸಕರು ಟೇಪು ಕತ್ತರಿಸುತ್ತಾರೆ, ದಾನಿಗಳ ಹೆಸರು ಗೋಡೆಯ ಮೇಲೆ ಬರೆಸಲಾಗುತ್ತದೆ, ಮರುದಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಅದೇ ಶಾಲೆಯಲ್ಲಿ ಗಣಿತ ಶಿಕ್ಷಕರ ಹುದ್ದೆ ವರ್ಷಗಟ್ಟಲೆ ಖಾಲಿ ಬಿದ್ದಿದ್ದರೂ ಯಾರೂ ಕೇಳುವುದಿಲ್ಲ. 2024-25ರ ಯುಡೈಸ್ ಅಂಕಿಅಂಶಗಳ ಪ್ರಕಾರ ದೇಶದಲ್ಲಿ ಒಬ್ಬರೇ ಶಿಕ್ಷಕರಿರುವ ಶಾಲೆಗಳು 1 ಲಕ್ಷಕ್ಕೂ ಹೆಚ್ಚು. ಕರ್ನಾಟಕದಲ್ಲೇ ಅಂಥವು 7 ಸಾವಿರ ದಾಟಿವೆ. ಒಂದರಿಂದ ಐದರವರೆಗಿನ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು, ಬಿಸಿಯೂಟದ ಲೆಕ್ಕವನ್ನೂ ಬರೆದು, ಕ್ಲಸ್ಟರ್ ಸಭೆಗೂ ಹೋಗಿಬರಬೇಕಾದ ಆ ಒಬ್ಬರಿಗೆ ನಾವು ಕೊಡುತ್ತಿರುವ ಪರಿಹಾರ ಒಂದು ಟಿ.ವಿ. ಮತ್ತು ಪೆನ್‌ಡ್ರೈವ್ ತುಂಬ ವಿಡಿಯೊ.

ಈ ವ್ಯವಸ್ಥೆಯ ಪರವಾಗಿ ಮಾತಾಡುವವರ ವಾದ ಕೇಳಲು ಚೆನ್ನಾಗಿದೆ. ಒಳ್ಳೆಯ ಗಣಿತ ಮೇಷ್ಟ್ರು ಎಲ್ಲ ಊರಿಗೂ ಸಿಗುವುದಿಲ್ಲ. ಬೆಂಗಳೂರಿನ ಸ್ಟುಡಿಯೊದಲ್ಲಿ ಅತ್ಯುತ್ತಮ ಶಿಕ್ಷಕರೊಬ್ಬರ ಪಾಠವನ್ನು ಚಿತ್ರೀಕರಿಸಿದರೆ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲ ಮಕ್ಕಳಿಗೂ ಅದೇ ಗುಣಮಟ್ಟದ ಪಾಠ ಸಿಗುತ್ತದಲ್ಲ ಎನ್ನುತ್ತಾರೆ. ಹೃದಯ ರಕ್ತವನ್ನು ಪಂಪ್ ಮಾಡುವ ಬಗೆಯನ್ನೋ ಹಂಪಿಯ ಕಲ್ಲಿನ ರಥವನ್ನೋ ತೋರಿಸಬೇಕಾದಾಗ ಈ ಮಾತಿಗೆ ಸ್ವಲ್ಪ ತೂಕವಿದೆ, ಒಪ್ಪುತ್ತೇನೆ. ಗಣಿತಕ್ಕೆ ಇಲ್ಲ. ಗಣಿತದ ಪಾಠ ಮೇಷ್ಟ್ರು ವಿವರಿಸಿ ಮುಗಿಸಿದಾಗ ಮುಗಿಯುವುದಿಲ್ಲ. ಮಗು ಲೆಕ್ಕ ಮಾಡಿ, ತಪ್ಪು ಉತ್ತರ ಬರೆದು, ಸ್ಲೇಟನ್ನು ಮೇಷ್ಟ್ರ ಮುಂದೆ ಹಿಡಿದಾಗ ಅದು ಶುರುವಾಗುತ್ತದೆ.

ಒಂದು ಚಿಕ್ಕ ಲೆಕ್ಕ ತೆಗೆದುಕೊಳ್ಳೋಣ. 52ರಲ್ಲಿ 27 ಕಳೆಯಬೇಕು. ಒಂದು ಮಗು 35 ಎಂದು ಬರೆಯುತ್ತದೆ, ಪಕ್ಕದ ಮಗುವೂ 35 ಎಂದೇ ಬರೆಯುತ್ತದೆ. ಪಕ್ಕದವನದನ್ನು ನೋಡಿ ಬರೆದಿರಬೇಕು ಎಂದು ಗದರಿಸುವ ಮೊದಲು ಇಬ್ಬರನ್ನೂ ಕರೆದು ಹೇಗೆ ಮಾಡಿದೆ ಎಂದು ಕೇಳಬೇಕು. ಮೊದಲನೆಯ ಮಗು ಬಿಡಿ ಸ್ಥಾನದಲ್ಲಿ ಎರಡರಿಂದ ಏಳನ್ನು ಕಳೆಯಲಾಗದೆ ಏಳರಿಂದಲೇ ಎರಡನ್ನು ಕಳೆದಿದೆ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂಬ ಮಾತನ್ನು ಅದು ಪ್ರತಿ ಸ್ಥಾನಕ್ಕೂ ಬೇರೆ ಬೇರೆಯಾಗಿ ಅನ್ವಯಿಸಿಕೊಂಡಿದೆ. ಎರಡನೆಯ ಮಗುವಿಗೆ ಹತ್ತರ ಸ್ಥಾನದಿಂದ ಒಂದು ದಶಕ ತರಬೇಕೆಂದು ಗೊತ್ತು. ತಂದಿದೆ, ಹನ್ನೆರಡರಲ್ಲಿ ಏಳು ಕಳೆದು ಐದು ಬರೆದಿದೆ. ಆದರೆ ಹತ್ತರ ಸ್ಥಾನದಲ್ಲಿ ಐದು ನಾಲ್ಕಾಗಬೇಕಿತ್ತು ಎಂಬುದನ್ನು ಮರೆತಿದೆ. ಉತ್ತರ ಒಂದೇ, ತಪ್ಪು ಎರಡು ಬಗೆಯದು. ಮೊದಲನೆಯ ಮಗುವಿಗೆ ಸ್ಥಾನಬೆಲೆಯನ್ನೇ ಮತ್ತೆ ಮೊದಲಿನಿಂದ, ಹತ್ತು ಹತ್ತು ಕಡ್ಡಿಗಳ ಕಟ್ಟು ಬಿಚ್ಚಿಸಿ ಕಲಿಸಬೇಕು. ಎರಡನೆಯದಕ್ಕೆ ಬಿಚ್ಚಿದ ಕಟ್ಟು ಎಲ್ಲಿಂದ ಬಂತೆಂದು ಒಮ್ಮೆ ತೋರಿಸಿದರೆ ಸಾಕಾಗಬಹುದು. ಅನುಭವವಿರುವ ಶಿಕ್ಷಕಿ ಬಾಯಿಬಿಟ್ಟು ಕೇಳದೆಯೂ ಇದನ್ನು ಪತ್ತೆ ಹಚ್ಚುತ್ತಾರೆ. 53ರಲ್ಲಿ 29 ಕಳೆಯಿರಿ ಎಂದು ಇನ್ನೊಂದು ಲೆಕ್ಕ ಕೊಡುತ್ತಾರೆ. ಈಗ ಮೊದಲನೆಯ ಮಗು 36 ಎನ್ನುತ್ತದೆ, ಎರಡನೆಯದು 34 ಎನ್ನುತ್ತದೆ. ಯಾವ ಮಗು ಎಲ್ಲಿ ನಿಂತಿದೆಯೆಂದು ಅವರಿಗೆ ಗೊತ್ತಾಯಿತು.

ನಮ್ಮ ತರಗತಿಗಳಿಗೆ ಮಾರಾಟವಾಗುತ್ತಿರುವ ಬಹುಪಾಲು ತಂತ್ರಾಂಶ ಇಬ್ಬರಿಗೂ ಕೆಂಪು ಗುರುತು ತೋರಿಸಿ ‘ಮತ್ತೊಮ್ಮೆ ಪ್ರಯತ್ನಿಸಿ’ ಎನ್ನುತ್ತದೆ. ವಿಡಿಯೊ ಅಷ್ಟನ್ನೂ ಹೇಳುವುದಿಲ್ಲ, ಅದು ಮುಂದೆ ಓಡುತ್ತಿರುತ್ತದೆ. ಕಂಪ್ಯೂಟರಿಗೆ ಇಂಥ ತಪ್ಪನ್ನು ಗುರುತಿಸುವ ಸಾಮರ್ಥ್ಯವೇ ಇಲ್ಲವೆಂದು ನಾನು ಹೇಳುತ್ತಿಲ್ಲ. 1978ರಲ್ಲೇ ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಮಕ್ಕಳು ಸಂಕಲನ, ವ್ಯವಕಲನಗಳಲ್ಲಿ ಮಾಡುವ ಇಂಥ ತಪ್ಪುಗಳ ಜಾಡು ಹಿಡಿಯುವ ಪ್ರೋಗ್ರಾಂ ಬರೆದು ತೋರಿಸಿದ್ದರು. ಮಕ್ಕಳು ಮನಸ್ಸಿಗೆ ಬಂದಂತೆ ತಪ್ಪು ಮಾಡುವುದಿಲ್ಲ, ತಪ್ಪಿಗೂ ಒಂದು ನಿಯಮವಿರುತ್ತದೆ ಎಂಬುದು ಅವರ ಕೆಲಸದ ತಿರುಳು. ಅದಾಗಿ ಹತ್ತಿರ ಹತ್ತಿರ ಅರ್ಧ ಶತಮಾನ ಕಳೆದಿದೆ. ನಾವು ಇಂದಿಗೂ ಕಾರ್ಟೂನು ಆನೆ ಕುಣಿಯುವ ಆ್ಯನಿಮೇಷನ್ನಿಗೆ ಹಣ ಕೊಡುತ್ತಿದ್ದೇವೆ.

ಬ್ರೌನ್ ಮತ್ತು ಬರ್ಟನ್ ಅವರ ಕೆಲಸಕ್ಕಿಂತ ಐದು ವರ್ಷ ಮೊದಲು, 1973ರಲ್ಲಿ, ಸ್ಟ್ಯಾನ್ಲಿ ಎರ್ಲ್‌ವಾಂಗರ್ ಎಂಬ ಸಂಶೋಧಕ ಬರೆದ ಒಂದು ಅಧ್ಯಯನವನ್ನು ಶಿಕ್ಷಣ ಇಲಾಖೆಯ ಪ್ರತಿಯೊಬ್ಬ ಅಧಿಕಾರಿಯೂ ಓದಬೇಕು. ಅದರಲ್ಲಿ ಬರುವ ಹುಡುಗನಿಗೆ ಬೆನ್ನಿ ಎಂದು ಹೆಸರು. ಹನ್ನೆರಡು ವರ್ಷ, ಆರನೇ ತರಗತಿ. ಅವನ ಶಾಲೆಯಲ್ಲಿ ಗಣಿತವನ್ನು ಹಾಳೆಗಳ ಮೂಲಕ ಕಲಿಸುವ ಪದ್ಧತಿ ಇತ್ತು. ಪ್ರತಿ ಮಗು ತನ್ನದೇ ವೇಗದಲ್ಲಿ ಓದಿಕೊಂಡು, ಲೆಕ್ಕ ಮಾಡಿ, ಉತ್ತರಪಟ್ಟಿಯೊಂದಿಗೆ ತಾಳೆ ನೋಡಿ, ಪರೀಕ್ಷೆಯಲ್ಲಿ ಶೇ 80 ಬಂದರೆ ಮುಂದಿನ ಘಟಕಕ್ಕೆ ಹೋಗುತ್ತಿತ್ತು. ಇಂದಿನ ಆ್ಯಪ್‌ಗಳ ನಡೆ ಇದೇ. ಬೆನ್ನಿ ಒಂದಾದ ಮೇಲೊಂದು ಘಟಕ ದಾಟುತ್ತ ಬಂದಿದ್ದ, ಅವನ ಶಿಕ್ಷಕಿ ಅವನನ್ನು ಜಾಣ ಮಕ್ಕಳ ಸಾಲಿನಲ್ಲಿ ಇಟ್ಟಿದ್ದರು. ಎರ್ಲ್‌ವಾಂಗರ್ ಅವನೆದುರು ಕುಳಿತು ಮಾತಾಡಿದಾಗ ಬೇರೆಯೇ ಚಿತ್ರ ಹೊರಬಿತ್ತು. ಹತ್ತರಲ್ಲಿ ಎರಡು ಎಂಬ ಭಿನ್ನರಾಶಿಯನ್ನು ದಶಮಾಂಶದಲ್ಲಿ ಬರೆದರೆ 1.2 ಎಂದು ಅವನು ನಂಬಿದ್ದ. ಅಂಶ ಮತ್ತು ಛೇದ ಕೂಡಿದರೆ ಹನ್ನೆರಡು, ನಡುವೆ ಚುಕ್ಕೆ ಇಟ್ಟರೆ ಮುಗಿಯಿತು. ಹತ್ತರಲ್ಲಿ ಐದು 1.5. ಈ ನಿಯಮದಂತೆ ಹೋದರೆ ಭಿನ್ನರಾಶಿಯನ್ನು ತಲೆಕೆಳಗು ಮಾಡಿದರೂ ಬೆಲೆ ಬದಲಾಗುವುದಿಲ್ಲ ಎಂಬುದು ಅವನನ್ನು ಕಾಡಿರಲಿಲ್ಲ. ಗಣಿತವೆಂದರೆ ಯಾರೋ ಬಲ್ಲವರು ಎಲ್ಲೋ ಮಾಡಿಟ್ಟ ನಿಯಮಗಳು, ತನ್ನ ಕೆಲಸ ಉತ್ತರಪಟ್ಟಿಗೆ ಹೊಂದುವ ಉತ್ತರ ಹುಡುಕುವುದು ಎಂದು ಅವನು ತೀರ್ಮಾನಿಸಿಕೊಂಡಿದ್ದ. ವರ್ಷಗಳ ಕಾಲ ಯಾರೂ ಅವನನ್ನು ‘ಯಾಕೆ’ ಎಂದು ಕೇಳಿರಲಿಲ್ಲ. ಹಾಗೆ ಕೇಳುವವರಿಗೆ ಆ ಪದ್ಧತಿಯಲ್ಲಿ ಜಾಗವೇ ಇರಲಿಲ್ಲ.

ಡ್ಯಾಶ್‌ಬೋರ್ಡಿನಲ್ಲಿ ಹಸಿರು ಬಣ್ಣ ಕಂಡು ಸಮಾಧಾನಪಡುವ ಎಲ್ಲರೂ ಬೆನ್ನಿಯನ್ನು ನೆನಪಿಡಬೇಕು.

ತಂತ್ರಜ್ಞಾನ ಎಲ್ಲಿ ಫಲ ಕೊಟ್ಟಿದೆ ಎಂಬುದಕ್ಕೂ ನಮ್ಮ ದೇಶದಲ್ಲೇ ಗಟ್ಟಿ ಸಾಕ್ಷ್ಯವಿದೆ. ಗುಜರಾತಿನ ಜ್ಞಾನಶಾಲಾ ಶಾಲೆಗಳಲ್ಲಿ ಅರ್ಥಶಾಸ್ತ್ರಜ್ಞ ಲೀ ಲಿಂಡೆನ್ ನಡೆಸಿದ ಪ್ರಯೋಗ ಈ ಇಡೀ ವಿವಾದಕ್ಕೆ ಉತ್ತರ ಕೊಡುವಂಥದ್ದು. ಒಂದು ಕಡೆ, ಶಾಲೆಯ ಅವಧಿಯಲ್ಲೇ ಶಿಕ್ಷಕರ ಪಾಠ ತಪ್ಪಿಸಿ ಮಕ್ಕಳನ್ನು ಕಂಪ್ಯೂಟರಿನ ಮುಂದೆ ಗಣಿತಕ್ಕೆ ಕೂರಿಸಿದರು. ಇನ್ನೊಂದು ಕಡೆ, ಪಾಠವನ್ನು ಹಾಗೇ ಉಳಿಸಿ, ಶಾಲೆಯ ಅವಧಿಯ ಹೊರಗೆ ಅದೇ ಕಂಪ್ಯೂಟರಿನ ಮುಂದೆ ಕೂರಿಸಿದರು. ಮೊದಲ ಗುಂಪಿನ ಮಕ್ಕಳ ಕಲಿಕೆ ಕುಸಿಯಿತು, ಎರಡನೆಯ ಗುಂಪಿನದು ಹೆಚ್ಚಿತು. ಯಂತ್ರ ಒಂದೇ, ತಂತ್ರಾಂಶವೂ ಒಂದೇ. ಶಿಕ್ಷಕರ ಸಮಯವನ್ನು ಕಿತ್ತುಕೊಂಡಾಗ ಅದು ಕೆಡುಕು ಮಾಡಿತು, ಶಿಕ್ಷಕರ ಸಮಯಕ್ಕೆ ಸೇರಿಕೊಂಡಾಗ ಒಳಿತು ಮಾಡಿತು.

ದೆಹಲಿಯ ಮೈಂಡ್‌ಸ್ಪಾರ್ಕ್ ಎಂಬ ಕಲಿಕಾ ತಂತ್ರಾಂಶದ ಕೇಂದ್ರಗಳ ಅಧ್ಯಯನವನ್ನು ಸ್ಮಾರ್ಟ್ ಕ್ಲಾಸ್ ಪರವಾದವರು ಮೇಲಿಂದ ಮೇಲೆ ಉಲ್ಲೇಖಿಸುತ್ತಾರೆ. ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ ನಾಲ್ಕೂವರೆ ತಿಂಗಳಲ್ಲಿ ಗಣಿತದ ಕಲಿಕೆ ಗಮನಾರ್ಹವಾಗಿ ಸುಧಾರಿಸಿದ್ದು ನಿಜ. ಆದರೆ ಆ ಕೇಂದ್ರಗಳಲ್ಲಿ ನಡೆಯುತ್ತಿದ್ದುದೇನು ಎಂಬುದನ್ನು ಅದನ್ನು ಉಲ್ಲೇಖಿಸುವವರು ಹೇಳುವುದಿಲ್ಲ. ಶಾಲೆ ಬಿಟ್ಟ ಮೇಲೆ ತೊಂಬತ್ತು ನಿಮಿಷ, ಅದರಲ್ಲಿ ಅರ್ಧ ಕಂಪ್ಯೂಟರಿನ ಮುಂದೆ, ಇನ್ನರ್ಧ ಹತ್ತು ಹದಿನೈದು ಮಕ್ಕಳ ಗುಂಪಿನಲ್ಲಿ ಒಬ್ಬ ಸಹಾಯಕ ಶಿಕ್ಷಕರ ಜೊತೆ. ಆರನೇ ತರಗತಿಯ ಮಗು ಗಣಿತದಲ್ಲಿ ಸರಾಸರಿ ಎರಡೂವರೆ ವರ್ಷ ಹಿಂದಿದೆ ಎಂದು ಅಲ್ಲಿ ಕಂಡುಬಂದಿತ್ತು. ತಂತ್ರಾಂಶ ಪ್ರತಿ ಮಗು ನಿಂತಿದ್ದ ಮೆಟ್ಟಿಲನ್ನು ಹುಡುಕಿ ಅಲ್ಲಿಂದ ಲೆಕ್ಕ ಕೊಡುತ್ತಿತ್ತು. ಗೋಡೆಗೆ ತೂಗುಹಾಕಿದ ಒಂದು ಪರದೆ ನಲವತ್ತು ಮಕ್ಕಳಿಗೆ ಆರನೇ ತರಗತಿಯ ಒಂದೇ ಪಾಠ ಹಾಕಿದರೆ ಇದರಲ್ಲಿ ಯಾವುದೂ ಆಗುವುದಿಲ್ಲ. 2024ರ ಅಸರ್ ಶಿಕ್ಷಣ ಸಮೀಕ್ಷೆಯ ವರದಿಯಂತೆ ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಸರಳ ಭಾಗಾಕಾರ ಮಾಡಬಲ್ಲವರು ಶೇ 30.7. ಉಳಿದ ಮಕ್ಕಳಿಗೆ ಆರನೇ ತರಗತಿಯ ಬೀಜಗಣಿತದ ವಿಡಿಯೊ ಎಷ್ಟು ಚೆಂದವಿದ್ದರೇನು?

ನನಗೆ ಎಲ್ಲಕ್ಕಿಂತ ಭರವಸೆ ಕೊಟ್ಟ ತಂತ್ರಜ್ಞಾನ ಸಾದಾ ಫೋನು. ಕೋವಿಡ್ ಕಾಲದಲ್ಲಿ, 2020ರಲ್ಲಿ, ಬೋಟ್ಸ್ವಾನಾ ದೇಶದ ಸುಮಾರು 4,500 ಮನೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಕೆಲವು ಮನೆಗಳಿಗೆ ವಾರಕ್ಕೊಮ್ಮೆ ಲೆಕ್ಕಗಳನ್ನು ಎಸ್‌ಎಂಎಸ್‌ನಲ್ಲಿ ಕಳಿಸಿದರು. ಇನ್ನು ಕೆಲವಕ್ಕೆ ಎಸ್‌ಎಂಎಸ್ ಜೊತೆಗೆ ಬೋಧಕರು ಹದಿನೈದು ಇಪ್ಪತ್ತು ನಿಮಿಷ ಫೋನ್ ಮಾಡಿ ಮಗುವಿನೊಂದಿಗೆ ಲೆಕ್ಕ ಬಿಡಿಸಿದರು. ಬರಿ ಎಸ್‌ಎಂಎಸ್‌ನಿಂದ ಹೇಳಿಕೊಳ್ಳುವಂಥ ಪರಿಣಾಮವಾಗಲಿಲ್ಲ, ಕರೆಯಿಂದ ಕಲಿಕೆ ಹೆಚ್ಚಿತು. ಆಮೇಲೆ ಭಾರತ, ಕೆನ್ಯಾ, ನೇಪಾಳ, ಫಿಲಿಪ್ಪೀನ್ಸ್, ಉಗಾಂಡಾಗಳಲ್ಲೂ ಕರೆ ಫಲ ಕೊಟ್ಟಿತು. ನಮ್ಮ ರಾಜ್ಯದ ‘ಗಣಿತ ಗಣಕ’ ಇದೇ ಜಾಡಿನದು. 3ರಿಂದ 5ನೇ ತರಗತಿಯ ಮಕ್ಕಳಿಗೆ ಶಿಕ್ಷಕರೇ ಫೋನ್ ಮಾಡಿ ಲೆಕ್ಕ ಹೇಳಿಕೊಡುವ ಕಾರ್ಯಕ್ರಮ ಅದು. ಅದನ್ನು ಮನಸಾರೆ ಬೆಂಬಲಿಸುತ್ತೇನೆ. ಷರತ್ತು ಒಂದೇ: ಕರೆ ಮಾಡಿದ ದಾಖಲೆ ತುಂಬುವ ಕೆಲಸ ಕರೆಗಿಂತ ದೊಡ್ಡದಾಗಬಾರದು. ಹಾಜರಾತಿ, ಮೊಟ್ಟೆ, ಬಾಳೆಹಣ್ಣು, ಶೂ, ಸಮವಸ್ತ್ರ ಎಲ್ಲವನ್ನೂ ಆನ್‌ಲೈನಿಗೆ ಏರಿಸುತ್ತ ಕೂರುವ ಶಿಕ್ಷಕರಿಂದ ತಂತ್ರಜ್ಞಾನ ಈಗಾಗಲೇ ಬಹಳ ಸಮಯ ಕಸಿದಿದೆ.

ಹೈಸ್ಕೂಲಿಗೆ ಬಂದರೆ ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶ ಇದೆ. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ರೂಪಿಸಿದ್ದು, ಶಾಲೆಗೆ ಉಚಿತ, ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಅರ್ಧವೃತ್ತದ ಮೇಲೆ ಒಂದು ಬಿಂದುವನ್ನು ಎಳೆದಾಡಿದಷ್ಟೂ ಅದು ವ್ಯಾಸದ ತುದಿಗಳೊಂದಿಗೆ ಮಾಡುವ ತ್ರಿಭುಜದ ಆಕಾರ ಬದಲಾಗುತ್ತದೆ, ಆ ಬಿಂದುವಿನ ಕೋನ ಮಾತ್ರ 90 ಡಿಗ್ರಿಯಲ್ಲೇ ನಿಲ್ಲುತ್ತದೆ. ಅದನ್ನು ತನ್ನ ಕೈಯಿಂದಲೇ ಮಾಡಿ ನೋಡಿದ ಹುಡುಗಿ ‘ಯಾಕೆ ಹೀಗೆ’ ಎಂದು ಕೇಳದೆ ಇರಲಾರಳು. ಪ್ರಮೇಯದ ಸಾಧನೆಗೆ ಅದಕ್ಕಿಂತ ಒಳ್ಳೆಯ ಪೀಠಿಕೆ ಇಲ್ಲ. ಆದರೆ ಆ ಪ್ರಶ್ನೆಯನ್ನು ಎತ್ತಿಕೊಂಡು ಸಾಧನೆಯವರೆಗೆ ನಡೆಸಿಕೊಂಡು ಹೋಗುವವರು ಕೋಣೆಯಲ್ಲಿರಬೇಕು. ಕಿರಿಯ ತರಗತಿಗಳಿಗೆ ಅಕ್ಷರ ಫೌಂಡೇಶನ್ನಿನ ಗಣಿತ ಕಲಿಕಾ ಆಂದೋಲನದ ಕಿಟ್ ನಮ್ಮ ಸಾವಿರಾರು ಸರ್ಕಾರಿ ಶಾಲೆಗಳಲ್ಲಿದೆ. ಮಣಿಚೌಕಟ್ಟು, ಭಿನ್ನರಾಶಿ ಪಟ್ಟಿ, ನೋಟು ನಾಣ್ಯ ಎಲ್ಲ ಇರುವ ಆ ಪೆಟ್ಟಿಗೆಗೆ ಕರೆಂಟು ಬೇಡ. ಎಷ್ಟು ಶಾಲೆಗಳಲ್ಲಿ ಅದು ಬೀರುವಿನಿಂದ ಹೊರಗೆ ಬರುತ್ತಿದೆ ಎಂದು ವಿಚಾರಿಸಿದ ಮೇಲೆ ಹೊಸ ಟೆಂಡರ್ ಕರೆಯಲಿ.

ಈ ದಾರಿಯಲ್ಲಿ ಮೊದಲು ನಡೆದವರ ಅನುಭವವೂ ನಮ್ಮ ಊರಲ್ಲೇ ಇದೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ 2000ದ ದಶಕದಲ್ಲಿ ಶಾಲೆಗಳಿಗಾಗಿ ಕಂಪ್ಯೂಟರ್ ಆಧಾರಿತ ಪಾಠಗಳ ಸಿ.ಡಿ.ಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿತ್ತು. ಆಮೇಲೆ ಆ ದಾರಿಯನ್ನು ಬಿಟ್ಟು ಶಿಕ್ಷಕರ ಜೊತೆ ಕೆಲಸ ಮಾಡುವುದಕ್ಕೆ ಹೊರಳಿತು. ಸಂಸ್ಥೆಯ ಅನುರಾಗ್ ಬೆಹರ್ 2010ರಲ್ಲಿ ಪತ್ರಿಕೆಯಲ್ಲೇ ಈ ಮಿತಿಯನ್ನು ಬಿಚ್ಚಿ ಬರೆದರು. ಸಾಫ್ಟ್‌ವೇರ್ ಉದ್ಯಮದಿಂದಲೇ ಹಣ ಬಂದ ಸಂಸ್ಥೆಗೆ ಕಂಡ ಸತ್ಯ ಸರ್ಕಾರಕ್ಕೆ ಕಾಣದಿರಲು ಕಾರಣವಿಲ್ಲ. 2022ರಲ್ಲಿ 2,200 ಕೋಟಿ ಡಾಲರ್ ಬೆಲೆಯೆಂದು ಲೆಕ್ಕ ಹಾಕಲಾಗಿದ್ದ ಕಲಿಕಾ ಆ್ಯಪ್ ಕಂಪನಿ ಬೈಜೂಸ್ ಎರಡೇ ವರ್ಷದಲ್ಲಿ, 2024ರ ಜುಲೈನಲ್ಲಿ, ಬೆಂಗಳೂರಿನ ಕಂಪನಿ ನ್ಯಾಯಮಂಡಳಿಯಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಕಂಪನಿಗಳು ಬರುತ್ತವೆ, ಹೋಗುತ್ತವೆ. ಅವುಗಳ ಆ್ಯಪ್ ನೆಚ್ಚಿಕೊಂಡು ಶಿಕ್ಷಕರ ನೇಮಕಾತಿಯನ್ನು ಮುಂದೂಡಿದರೆ ಆ ಶಾಲೆಯ ಮಕ್ಕಳಿಗೆ ಕಳೆದುಹೋದ ವರ್ಷ ಮರಳಿ ಸಿಗುವುದಿಲ್ಲ.

ಎಸ್‌ಡಿಎಂಸಿ ಸದಸ್ಯರಲ್ಲಿ, ಶಾಲೆಗೆ ಏನಾದರೂ ಕೊಡಬೇಕೆಂದು ಊರಿಗೆ ಮರಳುವ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇದು. ಸ್ಮಾರ್ಟ್ ಬೋರ್ಡ್ ಕೊಡುವ ಮೊದಲು ಗಣಿತಕ್ಕೆ ಯಾರಿದ್ದಾರೆ ಎಂದು ಕೇಳಿ. ಯಾರೂ ಇಲ್ಲದಿದ್ದರೆ ಆ ಹಣವನ್ನು ಒಬ್ಬ ಗಣಿತ ಶಿಕ್ಷಕರ ಗೌರವಧನಕ್ಕೆ ಇಡಿ, ಜೊತೆಗೆ ಹುದ್ದೆ ತುಂಬುವಂತೆ ಬಿಇಒ ಕಚೇರಿಗೆ ಲಿಖಿತ ಅರ್ಜಿ ಕೊಡಿ. ಶಿಕ್ಷಕರಿದ್ದರೆ ನಿಮಗೆ ಏನು ಬೇಕು ಎಂದು ಅವರನ್ನೇ ಕೇಳಿ, ಅವರು ಹೇಳಿದ್ದನ್ನು ಕೊಡಿಸಿ.