ಮುಪ್ಪಿನ ಯಂತ್ರಕ್ಕೆ ಹೊಸ ಕಣ್ಣು

ಯಂತ್ರಗಳಿಗೆ ಮುಪ್ಪು ಎರಡು ಬಗೆಯಲ್ಲಿ ಬರುತ್ತದೆ. ಬೀಸುವ ಕಲ್ಲು ಸವೆಯುತ್ತದೆ, ಗಡಿಯಾರದ ಸ್ಪ್ರಿಂಗು ಸಡಿಲವಾಗುತ್ತದೆ, ಬಂಡಿಯ ಅಚ್ಚು ಮುರಿಯುತ್ತದೆ. ಇದು ಒಡಲಿನ ಮುಪ್ಪು. ಇದನ್ನು ಕಂಡು ಯಾರೂ ಆಶ್ಚರ್ಯಪಡುವುದಿಲ್ಲ. ಇನ್ನೊಂದು ಬಗೆಯ ಮುಪ್ಪಿನಲ್ಲಿ ಯಂತ್ರದ ಒಂದು ತಿರುಪೂ ಸಡಿಲಗೊಂಡಿರುವುದಿಲ್ಲ. ನಿನ್ನೆ ಮಾಡಿದ ಕೆಲಸವನ್ನು ಅದು ಇಂದೂ ಮಾಡಬಲ್ಲದು. ಆದರೆ ಸುತ್ತಣ ಲೋಕದ ಮಾತು ಬದಲಾಗಿ, ಅದಕ್ಕೆ ತಿಳಿಯುವಂತೆ ಮಾತನಾಡುವವರೇ ಇಲ್ಲವಾಗುತ್ತಾರೆ. ಗಣಕಯಂತ್ರಕ್ಕೆ ಬರುವ ಮುಪ್ಪು ಬಹುಮಟ್ಟಿಗೆ ಈ ಎರಡನೆಯ ಜಾತಿಗೆ ಸೇರಿದ್ದು.

ಇಪ್ಪತ್ತು ವರ್ಷಗಳ ಹಿಂದಿನ ಗಣಕಯಂತ್ರವೊಂದರ ಗುಂಡಿಯನ್ನು ಒತ್ತಿದರೆ ಅದು ಎಚ್ಚರಗೊಳ್ಳುತ್ತದೆ. ಅದರಲ್ಲಿ ಪತ್ರ ಬರೆಯಬಹುದು, ಲೆಕ್ಕ ಮಾಡಬಹುದು, ಚಿತ್ರ ಬಿಡಿಸಬಹುದು. ಅಂತರಜಾಲದ ಪುಟವೊಂದನ್ನು ತೆರೆಯಹೊರಟಾಗ ಮಾತ್ರ ಅದು ಕಂಗಾಲಾಗುತ್ತದೆ. ಅದಕ್ಕೆ ಕಾರಣವನ್ನು ತಿಳಿಯಬೇಕಾದರೆ ಬ್ರೌಸರ್ ಎಂಬ ತಂತ್ರಾಂಶದ ಕೆಲಸವೇನೆಂದು ತಿಳಿಯಬೇಕು. ಜಾಲದ ಪುಟವು ಸಿದ್ಧವಾದ ಚಿತ್ರದಂತೆ ಬರುವುದಿಲ್ಲ. ಬರಹ, ಅದನ್ನು ಹೇಗೆ ಜೋಡಿಸಬೇಕೆಂಬ ಸೂಚನೆಗಳು, ಓದುಗನ ಯಂತ್ರದಲ್ಲಿಯೇ ನಡೆಯಬೇಕಾದ ಕ್ರಮವಿಧಿಗಳು, ಇವೆಲ್ಲ ಸೇರಿದ ಒಂದು ಗಂಟಾಗಿ ಬರುತ್ತದೆ. ಆ ಗಂಟನ್ನು ಬಿಚ್ಚಿ, ಸೂಚನೆಗಳನ್ನು ಓದಿ, ಪುಟವನ್ನು ಕಟ್ಟಿ ತೋರಿಸುವುದೇ ಬ್ರೌಸರಿನ ಕಾರ್ಯ. ಸೂಚನೆಗಳ ಭಾಷೆ ವರ್ಷವರ್ಷವೂ ಬೆಳೆಯುತ್ತಿರುತ್ತದೆ. ಬ್ರೌಸರ್ ಕಲಿಯುವುದನ್ನು ನಿಲ್ಲಿಸಿದ ದಿನದಿಂದ ಅದನ್ನು ಹೊತ್ತ ಯಂತ್ರ ಜಾಲಕ್ಕೆ ಪರಕೀಯವಾಗತೊಡಗುತ್ತದೆ.

ಇಂತಹ ಯಂತ್ರಗಳಿಗೆ ಹೊಸ ಬ್ರೌಸರನ್ನು ಸಿದ್ಧಪಡಿಸಿ ಕೊಡುವ ಜನ ಲೋಕದಲ್ಲಿ ಅಲ್ಲಲ್ಲಿ ಇದ್ದಾರೆ. ಅವರ ಶ್ರಮವನ್ನು ಹಳತಿನ ವ್ಯಾಮೋಹವೆಂದು ನಕ್ಕುಬಿಡುವುದು ಸುಲಭ. ಹಾಗೆ ನಗುವ ಮೊದಲು ಒಂದು ನಿದರ್ಶನವನ್ನು ಪರಿಶೀಲಿಸುವುದು ಒಳ್ಳೆಯದು.

ಅಮೆರಿಕದ ಆಪಲ್ ಸಂಸ್ಥೆ 1994ರಿಂದ ತನ್ನ ಮ್ಯಾಕಿಂಟಾಷ್ ಗಣಕಯಂತ್ರಗಳಲ್ಲಿ ಪವರ್‌ಪಿಸಿ ಎಂಬ ಪ್ರೊಸೆಸರನ್ನು ಬಳಸತೊಡಗಿತು. ಆಪಲ್, ಐಬಿಎಂ, ಮೊಟೊರೊಲಾ ಈ ಮೂರು ಸಂಸ್ಥೆಗಳು ಕೂಡಿ ರೂಪಿಸಿದ ಪ್ರೊಸೆಸರ್ ಅದು. 2005ರ ಜೂನ್ ತಿಂಗಳಲ್ಲಿ ಆಪಲ್ ಅದನ್ನು ಕೈಬಿಟ್ಟು ಇಂಟೆಲ್ ಪ್ರೊಸೆಸರಿಗೆ ಬದಲಾಗುವುದಾಗಿ ಸಾರಿತು. 2006ರೊಳಗೆ ಬದಲಾಗಿಯೂ ಬಿಟ್ಟಿತು. 2009ರಲ್ಲಿ ಬಂದ ಅದರ ಕಾರ್ಯಾಚರಣ ವ್ಯವಸ್ಥೆ ಪವರ್‌ಪಿಸಿ ಯಂತ್ರಗಳಲ್ಲಿ ನಡೆಯಲೇ ಇಲ್ಲ. 2011ರ ಮಾರ್ಚಿಯಲ್ಲಿ ಹೊರಬಂದ ಫೈರ್‌ಫಾಕ್ಸ್ ಬ್ರೌಸರಿನ ನಾಲ್ಕನೆಯ ಆವೃತ್ತಿಯೂ ಆ ಯಂತ್ರಗಳಿಗೆ ವಿದಾಯ ಹೇಳಿತು. ಆಗ ಇಂತಹ ಯಂತ್ರಗಳಲ್ಲಿ ತೀರ ಇತ್ತೀಚಿನವಕ್ಕೆ ಐದು ವರ್ಷವಷ್ಟೇ ಆಗಿತ್ತು! ಐದು ವರ್ಷದ ಎತ್ತನ್ನು ಯಾವ ರೈತನೂ ಮುದಿಯೆತ್ತೆಂದು ಹಟ್ಟಿಯಿಂದ ಹೊರಗಟ್ಟುವುದಿಲ್ಲ.

ಕ್ಯಾಲಿಫೋರ್ನಿಯಾದ ಕ್ಯಾಮರಾನ್ ಕೈಸರ್ ಎಂಬುವರು ವೃತ್ತಿಯಿಂದ ವೈದ್ಯರು. ಫೈರ್‌ಫಾಕ್ಸಿನ ಮೂಲ ಬರೆಹ ಯಾರು ಬೇಕಾದರೂ ಪಡೆದು ತಿದ್ದಬಹುದಾದದ್ದು. ಅದನ್ನು ತೆಗೆದುಕೊಂಡು ಅವರು ಪವರ್‌ಪಿಸಿ ಯಂತ್ರಗಳಿಗೆ ಹೊಂದಿಸತೊಡಗಿದರು. ಆ ಯಂತ್ರಗಳ ಕಾರ್ಯಾಚರಣ ವ್ಯವಸ್ಥೆಯ ಆವೃತ್ತಿ 10.4. ಆದ್ದರಿಂದ ಹೊಸ ಬ್ರೌಸರಿಗೆ ಟೆನ್‌ಫೋರ್‌ಫಾಕ್ಸ್ ಎಂದು ಹೆಸರಾಯಿತು. 2010ರ ಕೊನೆಯ ಭಾಗದಲ್ಲಿ ಅದರ ಪರೀಕ್ಷಾ ಆವೃತ್ತಿ ಹೊರಬಂದಿತು. ಜಿ3, ಜಿ4, ಜಿ5 ಎಂದು ಪವರ್‌ಪಿಸಿಯಲ್ಲಿ ತಲೆಮಾರುಗಳುಂಟು. ಜಿ4ರಲ್ಲಿಯೇ ಎರಡು ಪ್ರಭೇದಗಳು. ಒಂದೊಂದಕ್ಕೂ ಪ್ರತ್ಯೇಕವಾಗಿ, ನಾಲ್ಕು ಬಗೆಯಲ್ಲಿ ಬ್ರೌಸರನ್ನು ಸಿದ್ಧಪಡಿಸಿ ಉಚಿತವಾಗಿ ಹಂಚಲಾಯಿತು.

ಈ ಹೊಂದಿಸುವ ಕೆಲಸದ ಕಷ್ಟ ಎಂತಹುದೆಂಬುದಕ್ಕೆ ಒಂದೆರಡು ಉದಾಹರಣೆಗಳು ಸಾಕು. ದಿನಾಂಕವನ್ನು ಕೆಲವರು ದಿನ, ತಿಂಗಳು, ವರ್ಷ ಎಂದು ಬರೆಯುತ್ತಾರೆ. ಕೆಲವರು ವರ್ಷ, ತಿಂಗಳು, ದಿನ ಎಂದು ಬರೆಯುತ್ತಾರೆ. ಎರಡೂ ಸರಿಯೇ. ಆದರೆ ಒಂದು ಕ್ರಮದವನು ಇನ್ನೊಂದು ಕ್ರಮದವನ ಕಾಗದವನ್ನು ಓದಿದರೆ ಅನರ್ಥವಾಗುತ್ತದೆ. ಪ್ರೊಸೆಸರುಗಳಲ್ಲಿಯೂ ಇಂತಹ ಎರಡು ಸಂಪ್ರದಾಯಗಳಿವೆ. ದೊಡ್ಡ ಸಂಖ್ಯೆಯೊಂದನ್ನು ತುಂಡುಗಳಾಗಿ ಮೆಮೊರಿಯಲ್ಲಿ ಇಡುವಾಗ ಇಂಟೆಲ್ ಯಂತ್ರ ಚಿಕ್ಕ ಸ್ಥಾನದ ತುಂಡನ್ನು ಮೊದಲು ಇಡುತ್ತದೆ. ಮ್ಯಾಕಿಂಟಾಷಿನ ಪವರ್‌ಪಿಸಿ ದೊಡ್ಡ ಸ್ಥಾನದ ತುಂಡನ್ನು ಮೊದಲು ಇಡುತ್ತಿತ್ತು. ಜಗತ್ತಿನ ಬಹುಪಾಲು ಯಂತ್ರಗಳು ಇಂಟೆಲಿನ ಕ್ರಮವನ್ನೇ ಅನುಸರಿಸಿದ್ದರಿಂದ, ಪುಟಗಳನ್ನು ರಚಿಸುವವರು ಇನ್ನೊಂದು ಕ್ರಮವಿದೆ ಎಂಬುದನ್ನೇ ಮರೆತರು. ಅವರ ಮರೆವನ್ನು ಟೆನ್‌ಫೋರ್‌ಫಾಕ್ಸ್ ತಾನು ಹೊತ್ತುಕೊಂಡು, ಬೇಕಾದ ಕಡೆಗಳಲ್ಲಿ ಕ್ರಮವನ್ನು ತಿರುವಿ ಓದಬೇಕಾಯಿತು.

ಎರಡನೆಯ ತೊಡಕು ವೇಗದ್ದು. ಪುಟಗಳಲ್ಲಿ ಅಡಗಿರುವ ಕ್ರಮವಿಧಿಗಳನ್ನು ಬ್ರೌಸರ್ ಸಾಲುಸಾಲಾಗಿ ಓದಿ ನಡೆಸಿದರೆ ಬಹಳ ನಿಧಾನವಾಗುತ್ತದೆ. ಆದ್ದರಿಂದ ಇಂದಿನ ಬ್ರೌಸರುಗಳಲ್ಲಿ ಒಬ್ಬ ದುಭಾಷಿ ಇದ್ದಾನೆನ್ನಬಹುದು. ಆತ ಕ್ರಮವಿಧಿಯನ್ನು ಆಗಿಂದಾಗಲೇ ಪ್ರೊಸೆಸರಿನ ಸ್ವಂತ ಆಜ್ಞೆಗಳಿಗೆ ಭಾಷಾಂತರಿಸುತ್ತಾನೆ. ಫೈರ್‌ಫಾಕ್ಸಿನ ದುಭಾಷಿಗೆ ಇಂಟೆಲಿನ ಆಜ್ಞೆಗಳು ಬರುತ್ತಿದ್ದುವು, ಪವರ್‌ಪಿಸಿಯವು ಬರುತ್ತಿರಲಿಲ್ಲ. ಅವನ್ನು ಕೈಯಾರೆ ಬರೆದು ಸೇರಿಸಬೇಕಾಯಿತು. ದೊಡ್ಡ ಸಂಸ್ಥೆಗಳಲ್ಲಿ ಸಂಬಳ ಪಡೆಯುವ ತಜ್ಞರ ತಂಡ ಮಾಡುವ ಕೆಲಸವಿದು. ಇಲ್ಲಿ ಅದನ್ನು ಬಿಡುವಿನ ವೇಳೆಯಲ್ಲಿ, ಕೆಲವೇ ಜನರ ನೆರವಿನಿಂದ ಮಾಡಲಾಯಿತು.

2016ರಲ್ಲಿ ಬಂದ ಫೈರ್‌ಫಾಕ್ಸ್ 45ನೆಯ ಆವೃತ್ತಿಯವರೆಗೆ ಈ ಬ್ರೌಸರ್ ಮೂಲದ ಜೊತೆಗೇ ಹೆಜ್ಜೆ ಹಾಕಿತು. ಆಮೇಲೆ ದಾರಿ ಕಡಿದಾಯಿತು. ಫೈರ್‌ಫಾಕ್ಸಿನ ಮುಖ್ಯ ಭಾಗಗಳನ್ನು ರಸ್ಟ್ ಎಂಬ ಹೊಸ ಭಾಷೆಯಲ್ಲಿ ಬರೆಯತೊಡಗಿದರು. ಆ ಭಾಷೆಯನ್ನು ಹಳೆಯ ಮ್ಯಾಕಿಂಟಾಷಿಗೆ ಅರ್ಥಮಾಡಿಸುವ ಸಾಧನ ಇರಲಿಲ್ಲ. ಕೈಸರ್ ಅಲ್ಲಿಗೇ ಕೈಚೆಲ್ಲಲಿಲ್ಲ. 45ನೆಯ ಆವೃತ್ತಿಯನ್ನೇ ತಳಹದಿಯಾಗಿಟ್ಟುಕೊಂಡು, ಮುಂದಿನ ಆವೃತ್ತಿಗಳಲ್ಲಿ ಆದ ಭದ್ರತೆಯ ತಿದ್ದುಪಡಿಗಳನ್ನು ಒಂದೊಂದಾಗಿ ಹಿಂದಕ್ಕೆ ತಂದು ಕಸಿಮಾಡುತ್ತ 2021ರವರೆಗೆ ನಡೆಸಿದರು.

ಇಷ್ಟೆಲ್ಲ ಏಕೆ ಎಂದು ಕೇಳುವವರ ಮಾತಿನಲ್ಲಿಯೂ ಹುರುಳಿದೆ. 2005ರ ಜಿ5 ಯಂತ್ರಗಳಲ್ಲಿ ಬಲಿಷ್ಠವಾದುದಕ್ಕೆ ಸಾವಿರ ವ್ಯಾಟಿನ ವಿದ್ಯುತ್ ಪೂರೈಕೆ ಘಟಕವನ್ನು ಜೋಡಿಸಿದ್ದರು. 2012ರಲ್ಲಿ 35 ಡಾಲರ್ ಬೆಲೆಗೆ ಹೊರಬಂದ ಅಂಗೈಯಗಲದ ರಾಸ್ಪ್‌ಬೆರಿ ಪೈ ಕೆಲವೇ ವ್ಯಾಟಿನಲ್ಲಿ ನಡೆಯುತ್ತದೆ. ಹಳೆಯದನ್ನು ಉಳಿಸಿದರೆ ವಿದ್ಯುತ್ತು ಉಳಿಯುವುದಿಲ್ಲ. 2022ರಲ್ಲಿ ಜಗತ್ತು 6.2 ಕೋಟಿ ಟನ್ ವಿದ್ಯುನ್ಮಾನ ಕಸವನ್ನು ಎಸೆಯಿತು; ಅದರಲ್ಲಿ ಕಾಲುಭಾಗ ಕೂಡ ಕ್ರಮವಾಗಿ ಸಂಗ್ರಹವಾದ ದಾಖಲೆಯಿಲ್ಲ. ಆದರೆ ಒಂದು ಬ್ರೌಸರ್ ಆ ಗುಡ್ಡವನ್ನು ಕರಗಿಸುತ್ತದೆ ಎನ್ನುವುದೂ ಅತಿಶಯೋಕ್ತಿಯೇ ಸರಿ. ಈ ಕೆಲಸವನ್ನು ಸಮರ್ಥಿಸುವವರು ಬೇರೆ ನೆಲೆಯಿಂದ ಸಮರ್ಥಿಸಬೇಕು. ಹಳೆಯ ಯಂತ್ರವನ್ನು ಜಾಲದಿಂದ ಹೊರಗಿಡುವ ಬಾಗಿಲುಗಳು ಎರಡು ಎಂಬುದನ್ನು ಗಮನಿಸಿದರೆ ಆ ನೆಲೆ ಕಾಣುತ್ತದೆ. ಒಂದು ಬಾಗಿಲನ್ನು ಮುಚ್ಚಿದ್ದು ನ್ಯಾಯ. ಇನ್ನೊಂದನ್ನು ಮುಚ್ಚಿದ್ದು ಅಲಕ್ಷ್ಯ.

ಮೊದಲನೆಯದು ಬೀಗದ ಬಾಗಿಲು. ಓದುಗನಿಗೂ ಪುಟವನ್ನು ಕಳುಹಿಸುವ ಯಂತ್ರಕ್ಕೂ ನಡುವೆ ಹರಿಯುವ ಮಾಹಿತಿಯನ್ನು ಗೂಢಲಿಪಿಯಲ್ಲಿ ಅಡಗಿಸಲಾಗುತ್ತದೆ. 1999ರಲ್ಲಿ ಮತ್ತು 2006ರಲ್ಲಿ ಬಂದ ಗೂಢಲಿಪಿಯ ಕ್ರಮಗಳಲ್ಲಿ ದೌರ್ಬಲ್ಯಗಳು ಕಂಡುಬಂದುವು. 2020ರಲ್ಲಿ ಪ್ರಮುಖ ಬ್ರೌಸರುಗಳು ಅವನ್ನು ತೊರೆಯತೊಡಗಿದುವು, 2021ರ ಮಾರ್ಚಿಯಲ್ಲಿ ಅವು ವಿಧ್ಯುಕ್ತವಾಗಿ ನಿವೃತ್ತವಾದುವು. ಹೊಸ ಕ್ರಮವನ್ನು ಅರಿಯದ ಯಂತ್ರಕ್ಕೆ ಪುಟದ ಬಾಗಿಲು ತೆರೆಯುವುದಿಲ್ಲ. ಇದಲ್ಲದೆ, ಯಾರನ್ನು ನಂಬಬೇಕೆಂಬ ಪಟ್ಟಿಯೊಂದನ್ನು ಪ್ರತಿ ಯಂತ್ರವೂ ಇಟ್ಟುಕೊಂಡಿರುತ್ತದೆ. ಅದರಲ್ಲಿರುವ ಪ್ರಮಾಣಪತ್ರಗಳಿಗೆ ಅವಧಿಯುಂಟು. 2021ರ ಸೆಪ್ಟೆಂಬರ್ 30ರಂದು ಬಹುಬಳಕೆಯ ಅಂತಹ ಪ್ರಮಾಣಪತ್ರವೊಂದರ ಅವಧಿ ಮುಗಿದಾಗ, ಪಟ್ಟಿಯನ್ನು ನವೀಕರಿಸದ ಹಳೆಯ ಯಂತ್ರಗಳಿಗೆ ಹಿಂದಿನ ದಿನ ಕಂಡ ಎಷ್ಟೋ ಪುಟಗಳು ಮರುದಿನ ಕಾಣದಾದುವು. ಇದರಿಂದ ತೊಂದರೆಯಾಯಿತು, ನಿಜ. ಆದರೂ ಕಳ್ಳನಿಗೆ ತೆರೆಯುವ ಬೀಗವನ್ನು ಹಳೆಯದೆಂಬ ಗೌರವದಿಂದ ಬಾಗಿಲಲ್ಲಿ ಉಳಿಸಿಕೊಳ್ಳಲಾಗದು. ಇಪ್ಪತ್ತು ವರ್ಷದ ಯಂತ್ರದಲ್ಲಿ, ತಯಾರಕರು ತಿದ್ದುವುದನ್ನು ನಿಲ್ಲಿಸಿರುವ ಕಾರ್ಯಾಚರಣ ವ್ಯವಸ್ಥೆಯ ಮೇಲೆ ಎಂತಹ ಬ್ರೌಸರನ್ನು ಕೂರಿಸಿದರೂ, ಬ್ಯಾಂಕಿನ ವ್ಯವಹಾರವನ್ನು ಅದರಲ್ಲಿ ಮಾಡುವುದು ವಿವೇಕವಲ್ಲ.

ಎರಡನೆಯದು ಭಾರದ ಬಾಗಿಲು. ಕಮೊಡೋರ್ ಸಂಸ್ಥೆ 1987ರಲ್ಲಿ ಮಾರಿದ ಅಮಿಗ 500 ಯಂತ್ರದ ಮೆಮೊರಿ 512 ಕಿಲೋಬೈಟು. ಅದರಲ್ಲಿ ಜನ ಚಿತ್ರ ಬರೆದರು, ಸಂಗೀತ ರಚಿಸಿದರು, ಆಟಗಳನ್ನು ಕಟ್ಟಿದರು. ಇಂದಿನ ಸಾಧಾರಣ ಜಾಲಪುಟವೊಂದರ ತೂಕ ಎರಡು ಮೆಗಾಬೈಟಿಗೂ ಹೆಚ್ಚು. ಅಮಿಗದ ಮೆಮೊರಿಯಲ್ಲಿ ಅದರ ಕಾಲುಭಾಗವೂ ಹಿಡಿಸದು. ಆ ಪುಟದಲ್ಲಿ ಓದುಗನಿಗೆ ಬೇಕಾದುದು ಒಂದು ಸುದ್ದಿ ಮಾತ್ರವಾಗಿರಬಹುದು. ಅದು ಕೆಲವೇ ಕಿಲೋಬೈಟಿನಲ್ಲಿ ಅಡಗುವಂಥದು. ಉಳಿದುದು ಜಾಹೀರಾತು, ಓದುಗನ ಚಲನವಲನವನ್ನು ಗುರುತುಹಾಕಿಕೊಳ್ಳುವ ಕ್ರಮವಿಧಿಗಳು, ಯಾರೋ ಬರೆದಿಟ್ಟದ್ದನ್ನು ನೋಡದೆ ಸೇರಿಸಿದ ಸಾಮಗ್ರಿ. ಚೀಟಿಯೊಂದನ್ನು ತಲುಪಿಸಲು ಮದುವೆಯ ದಿಬ್ಬಣವನ್ನೇ ಕಳುಹಿಸಿದಂತಾಯಿತು! ಈ ಭಾರದಿಂದ ಪೀಡಿತವಾಗುವುದು ಹಳೆಯ ಮ್ಯಾಕಿಂಟಾಷೊಂದೇ ಅಲ್ಲ. ಅಗ್ಗದ ಫೋನನ್ನು ಹಿಡಿದು, ಸಂಪರ್ಕ ಸರಿಯಾಗಿ ಸಿಗದ ಹಳ್ಳಿಯಲ್ಲಿ ಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯುವ ವಿದ್ಯಾರ್ಥಿಯೂ ಅದೇ ಬಾಗಿಲಿನ ಹೊರಗೆ ನಿಂತಿರುತ್ತಾನೆ.

ಜಾಲ ಹುಟ್ಟಿದಾಗ ಹೀಗಿರಲಿಲ್ಲ. ಸ್ವಿಟ್ಜರ್ಲೆಂಡಿನ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ 1990ರಲ್ಲಿ ಮೊದಲ ಬ್ರೌಸರನ್ನು ನೆಕ್ಸ್ಟ್ ಎಂಬ ಗಣಕಯಂತ್ರದ ಮೇಲೆ ಬರೆದರು. ಬೇರೆ ಬೇರೆ ಜಾತಿಯ ಯಂತ್ರಗಳಿದ್ದ ಆ ಕೇಂದ್ರದಲ್ಲಿ, ಒಂದರಲ್ಲಿ ಬರೆದುದು ಎಲ್ಲದರಲ್ಲಿಯೂ ಓದುವಂತಾಗಬೇಕೆಂಬುದೇ ಅವರ ಉದ್ದೇಶವಾಗಿತ್ತು. ಆ ಮೊದಲ ಪುಟಗಳ ಸಿಕ್ಕಷ್ಟು ಹಳೆಯ ಪ್ರತಿಯನ್ನು ಸರ್ನ್ 2013ರಲ್ಲಿ ಮತ್ತೆ ಹಳೆಯ ವಿಳಾಸದಲ್ಲಿಯೇ ಇಟ್ಟಿತು. ಬರಹ ಮತ್ತು ಕೊಂಡಿಗಳಷ್ಟೇ ಇರುವ ಅವು ಇಂದಿನ ಫೋನಿನಲ್ಲಿ ಚೆನ್ನಾಗಿಯೇ ತೆರೆಯುತ್ತವೆ. 2019ರಲ್ಲಿ ಸರ್ನ್‌ನಲ್ಲಿ ಕೆಲವರು ಸೇರಿ, ಆ ಮೊದಲ ಬ್ರೌಸರನ್ನೇ ಇಂದಿನ ಬ್ರೌಸರಿನ ಒಳಗೆ ನಡೆಯುವಂತೆ ಐದು ದಿನಗಳಲ್ಲಿ ಮರುನಿರ್ಮಿಸಿದರು.

ಫೈರ್‌ಫಾಕ್ಸಿನಂತಹ ಆನೆಯನ್ನು ಹಳೆಯ ಅಂಗಳಕ್ಕೆ ತರುವುದೊಂದೇ ದಾರಿಯಲ್ಲ. ಇಂಗ್ಲೆಂಡಿನ ಏಕಾರ್ನ್ ಸಂಸ್ಥೆ 1987ರಲ್ಲಿ ಆರ್ಕಿಮಿಡೀಸ್ ಎಂಬ ಗಣಕಯಂತ್ರವನ್ನು ತಂದಿತ್ತು. (ಅದರಲ್ಲಿದ್ದ ಆರ್ಮ್ ಪ್ರೊಸೆಸರಿನ ವಂಶಜರೇ ಇಂದು ಹೆಚ್ಚುಕಡಿಮೆ ಎಲ್ಲ ಮೊಬೈಲ್ ಫೋನುಗಳಲ್ಲಿರುವರು.) ಆ ಯಂತ್ರಗಳ ರಿಸ್ಕ್ ಓಎಸ್ ಎಂಬ ಕಾರ್ಯಾಚರಣ ವ್ಯವಸ್ಥೆಗಾಗಿ 2002ರಲ್ಲಿ ನೆಟ್‌ಸರ್ಫ್ ಎಂಬ ಬ್ರೌಸರನ್ನು ಕೆಲವು ಉತ್ಸಾಹಿಗಳು ಬುನಾದಿಯಿಂದಲೇ ಕಟ್ಟತೊಡಗಿದರು. ಅದು ಗಾತ್ರದಲ್ಲಿ ಸಣ್ಣದು, ಮೆಮೊರಿಯನ್ನು ಮಿತವಾಗಿ ಬಳಸುವುದು. ಅಮಿಗ, ಅಟಾರಿ ಯಂತ್ರಗಳಿಗೂ ಅದು ಹೋಗಿದೆ. ಕ್ರಮವಿಧಿಗಳಿಂದ ಕಿಕ್ಕಿರಿದ ಪುಟಗಳನ್ನು ಅದು ತೋರಿಸಲಾರದು. ಸರಳ ಪುಟಗಳನ್ನು ಚೊಕ್ಕಟವಾಗಿ ತೋರಿಸುತ್ತದೆ. ಬಲವಾದ ಬೇರೊಂದು ಯಂತ್ರದಲ್ಲಿ ಪುಟವನ್ನು ತೆರೆದು, ಅದರ ಚಿತ್ರವನ್ನು ಮಾತ್ರ ಹಳೆಯ ಯಂತ್ರಕ್ಕೆ ಕಳುಹಿಸುವ ಮೂರನೆಯ ಉಪಾಯವೂ ಉಂಟು. ಅದು ಜಾಣತನವೇ ಹೌದು. ಆದರೆ ಮುದುಕ ತಾನೇ ಬೆಟ್ಟ ಹತ್ತುವುದು ಬೇರೆ, ಡೋಲಿಯಲ್ಲಿ ಹೊತ್ತುಕೊಂಡು ಹೋಗುವುದು ಬೇರೆ.

ಕನ್ನಡದ ಓದುಗರಿಗೆ ಇಲ್ಲಿ ಇನ್ನೊಂದು ಮಾತು ಸೇರುತ್ತದೆ. ಯೂನಿಕೋಡ್ ಎಂಬ ಜಾಗತಿಕ ಅಕ್ಷರಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, ವಿಂಡೋಸ್ ವ್ಯವಸ್ಥೆಯಲ್ಲಿ ಕನ್ನಡ ನೆಲೆಗೊಂಡದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯ ಯಂತ್ರದಲ್ಲಿ ಇಂದಿನ ಕನ್ನಡ ಪುಟವನ್ನು ತೆರೆದರೆ ಕಾಣುವುದು ಖಾಲಿ ಚೌಕಗಳ ಸಾಲು. ಅಲ್ಲಿಗೆ ಬ್ರೌಸರನ್ನಷ್ಟೇ ಒಯ್ದರೆ ಸಾಲದು. ಅಕ್ಷರರೂಪಗಳನ್ನೂ, ಒತ್ತಕ್ಷರಗಳನ್ನೂ ಗುಣಿತಾಕ್ಷರಗಳನ್ನೂ ಕೂಡಿಸುವ ನಿಯಮಗಳನ್ನೂ ಬುತ್ತಿಯಂತೆ ಕಟ್ಟಿಕೊಡಬೇಕು. ಇಂಗ್ಲಿಷಿನವರಿಗೆ ಈ ಚಿಂತೆಯಿಲ್ಲ.

ಟೆನ್‌ಫೋರ್‌ಫಾಕ್ಸಿನ ಅಧಿಕೃತ ಆವೃತ್ತಿಗಳು 2021ರಲ್ಲಿ ನಿಂತುವು. ಅದರ ಮೂಲ ಬರೆಹ ಮಾತ್ರ ಬಹಿರಂಗವಾಗಿಯೇ ಉಳಿಯಿತು. ಅದನ್ನು ಎತ್ತಿಕೊಂಡ ಬೇರೆ ಕೆಲವರು ತಮ್ಮ ತಮ್ಮ ಹೆಸರಿನಲ್ಲಿ ಹೊಸ ತಿದ್ದುಪಡಿಗಳೊಡನೆ ಅದನ್ನು ಮುಂದುವರಿಸಿದರು. ಕೈಸರ್ ಬಿಟ್ಟ ಸಾಲಿನಿಂದಲೇ ಅವರು ಉಳುಮೆಯನ್ನು ಹಿಡಿದರು.