ಮುಂಬಯಿಯ ಮರಗಳೂ ಪಾಲಿಕೆಯ ಲೆಕ್ಕವೂ

ಮುಂಬಯಿಯಲ್ಲಿ ಒಂದು ಮರವನ್ನು ಕಡಿಯಬೇಕಾದರೆ ಮೊದಲು ಅದರ ಕಾಂಡಕ್ಕೆ ಒಂದು ಪ್ರಕಟನೆಯನ್ನು ಅಂಟಿಸಬೇಕು. ಸ್ಥಳೀಯ ವೃತ್ತಪತ್ರಿಕೆಗಳಲ್ಲಿಯೂ ಅದನ್ನು ಅಚ್ಚು ಹಾಕಿಸಬೇಕು. ಯಾವ ಮರ, ಯಾವ ಕಾರಣಕ್ಕಾಗಿ ಉರುಳಲಿದೆ ಎಂಬುದನ್ನು ಜನತೆಗೆ ತಿಳಿಸಿ, ಅವರ ಆಕ್ಷೇಪಗಳನ್ನು ಪರಿಶೀಲಿಸಿದ ಬಳಿಕವೇ ವೃಕ್ಷ ಪ್ರಾಧಿಕಾರವು ಅಪ್ಪಣೆ ಕೊಡಬೇಕೆಂಬುದು ಮಹಾರಾಷ್ಟ್ರದ ನಗರ ಪ್ರದೇಶಗಳಿಗಾಗಿ 1975ರಲ್ಲಿ ರಚಿತವಾದ ಕಾಯಿದೆಯ ಆಶಯ. ಆಶಯವೇನೋ ಉದಾತ್ತವಾದುದೇ. ಆದರೆ ಆ ಕಾಗದದ ಮುಂದಿನಿಂದ ದಿನಬೆಳಗಾದರೆ ಹಾದುಹೋಗುವ ಸಾವಿರಾರು ಜನರಲ್ಲಿ ಅದನ್ನು ಓದುವವರೆಷ್ಟು ಮಂದಿ? ಓದಿ ಎರಡು ಸಾಲು ಬರೆದು ಕಳುಹಿಸುವವರೆಷ್ಟು ಮಂದಿ? ನಮ್ಮ ಕನ್ನಡಿಗರ ಮಟ್ಟಿಗಂತೂ ಈ ಪ್ರಶ್ನೆಯನ್ನು ಕೇಳುವುದಕ್ಕೇ ಸಂಕೋಚವಾಗುತ್ತದೆ. ಊರು ಅಲ್ಲಿ, ಉದ್ಯೋಗ ಇಲ್ಲಿ ಎಂಬ ಭಾವನೆಯಲ್ಲಿಯೇ ನಮ್ಮಲ್ಲಿ ಅನೇಕರು ಮೂರು ತಲೆಮಾರುಗಳನ್ನು ಈ ನಗರದಲ್ಲಿ ಕಳೆದಿದ್ದಾರೆ. ತೆರಿಗೆಯನ್ನು ಇಲ್ಲಿ ಕೊಡುತ್ತಾರೆ, ನೆರಳನ್ನು ಇಲ್ಲಿ ಅನುಭವಿಸುತ್ತಾರೆ, ಮರದ ಯೋಚನೆಯನ್ನು ಮಾತ್ರ ಊರಿನ ತೋಟಕ್ಕೆ ಮೀಸಲಿಟ್ಟಿದ್ದಾರೆ.

ಪಾಲಿಕೆಯವರು ಮರಗಳನ್ನು ಎಣಿಸಿಲ್ಲವೆಂದು ಯಾರೂ ದೂರುವಂತಿಲ್ಲ. 2018ರಲ್ಲಿ ಮುಗಿದ ವೃಕ್ಷಗಣತಿಯ ಪ್ರಕಾರ ಮುಂಬಯಿಯಲ್ಲಿದ್ದ ಮರಗಳ ಸಂಖ್ಯೆ 29,75,283. ಕಟ್ಟಕಡೆಯ ಮೂರರವರೆಗೂ ಲೆಕ್ಕ ಸಿಕ್ಕಿದೆ. ಕಾಯಿದೆಯೂ 2021ರ ತಿದ್ದುಪಡಿಯಿಂದ ಮತ್ತಷ್ಟು ಬಿಗಿಯಾಯಿತು. ಐವತ್ತು ವರ್ಷ ದಾಟಿದ ಮರಕ್ಕೆ ಪಾರಂಪರಿಕ ವೃಕ್ಷವೆಂಬ ಮನ್ನಣೆ ದೊರೆಯಿತು. ಕಡಿದ ಮರಕ್ಕೆ ಎಷ್ಟು ವಯಸ್ಸೋ ಅಷ್ಟು ಸಸಿಗಳನ್ನು ನೆಡಬೇಕೆಂದೂ ವಿಧಿಸಲಾಯಿತು. ಅರುವತ್ತು ವರ್ಷದ ಮಳೆಮರಕ್ಕೆ ಅರುವತ್ತು ಸಸಿ. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ವಿನಿಮಯ ಮತ್ತೊಂದಿಲ್ಲ. ಆದರೆ ದಾದರಿನಲ್ಲಿಯೋ ಮಾಟುಂಗಾದಲ್ಲಿಯೋ ಅರುವತ್ತು ಸಸಿಗಳಿಗೆ ಬೇರೂರಲು ಮಣ್ಣೆಲ್ಲಿದೆ? ಮಣ್ಣಿರುವುದು ಎಲ್ಲಿಯೋ ಊರಾಚೆ. ನೆರಳು ಕಳೆದುಕೊಂಡವರು ಇರುವುದು ಇಲ್ಲಿ. ನೆಟ್ಟ ಸಸಿಗಳ ಸಂಖ್ಯೆ ವರದಿಗಳಲ್ಲಿ ಎದ್ದು ಕಾಣುತ್ತದೆ. ಮೂರು ಬೇಸಗೆಗಳನ್ನು ದಾಟಿ ಉಳಿದವುಗಳ ಸಂಖ್ಯೆಯನ್ನು ಅಷ್ಟೇ ಉತ್ಸಾಹದಿಂದ ಸಾರಿದ್ದನ್ನು ನಾವು ಕಂಡಿಲ್ಲ.

ಆರೆಯ ಪ್ರಕರಣವು ವಾಚಕರ ನೆನಪಿನಲ್ಲಿ ಇರಬೇಕು. ನೆಲದಡಿಯ ಮೆಟ್ರೋ ರೈಲಿನ ಡಿಪೋ ನಿರ್ಮಾಣಕ್ಕಾಗಿ 2,185 ಮರಗಳನ್ನು ಕಡಿಯಲು, 461ನ್ನು ಕಿತ್ತು ಬೇರೆಡೆ ನೆಡಲು ವೃಕ್ಷ ಪ್ರಾಧಿಕಾರವು 2019ರ ಆಗಸ್ಟ್ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು. ಅಕ್ಟೋಬರ್ 4ರಂದು ಮುಂಬಯಿ ಉಚ್ಚ ನ್ಯಾಯಾಲಯವು ಆಕ್ಷೇಪದ ಅರ್ಜಿಗಳನ್ನು ತಳ್ಳಿಹಾಕಿತು. ಅಂದು ರಾತ್ರಿಯೇ ಗರಗಸಗಳು ಕೆಲಸ ಆರಂಭಿಸಿದವು. 7ರಂದು ಸರ್ವೋಚ್ಚ ನ್ಯಾಯಾಲಯವು ತಡೆಯುವಷ್ಟರಲ್ಲಿ ಎರಡು ಸಾವಿರಕ್ಕೂ ಮಿಕ್ಕ ಮರಗಳು ನೆಲಕ್ಕೆ ಒರಗಿದ್ದುವು. ಮೆಟ್ರೋ ಬೇಡವೆಂದು ನಾವು ಹೇಳುತ್ತಿಲ್ಲ. ಲೋಕಲ್ ಗಾಡಿಯ ಬಾಗಿಲಿನಲ್ಲಿ ಜೋತಾಡಿಕೊಂಡು ಹೋಗುವ ನಮ್ಮ ಗುಮಾಸ್ತರಿಗೂ ಹೋಟೆಲ್ ಕೆಲಸದವರಿಗೂ 2025ರಲ್ಲಿ ಪೂರ್ಣಗೊಂಡ ಆ ಮಾರ್ಗದಿಂದ ಪ್ರಯೋಜನವಿಲ್ಲವೆಂದು ಯಾರು ಹೇಳಿಯಾರು? ಆದರೆ ಮೇಲಿನ ನ್ಯಾಯಾಲಯದ ಮಾತು ಬರುವವರೆಗೂ ಕಾಯಲಾರದ ಆ ರಾತ್ರಿಯ ಅವಸರವನ್ನು ಮಾತ್ರ ಯಾವ ಪ್ರಯೋಜನವೂ ಸಮರ್ಥಿಸಲಾರದು.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಇದೆ. ಮಲಬಾರ್ ಹಿಲ್ಲಿನ ಹ್ಯಾಂಗಿಂಗ್ ಗಾರ್ಡನ್ ಎಂದು ನಾವೆಲ್ಲ ಬಲ್ಲ ಫಿರೋಜಶಾ ಮೆಹತಾ ಉದ್ಯಾನದ ಕೆಳಗೆ ಹತ್ತೊಂಬತ್ತನೆಯ ಶತಮಾನದ ಜಲಾಶಯವಿದೆ. ಅದನ್ನು ಒಡೆದು ಹೊಸತಾಗಿ ಕಟ್ಟುವ ಪಾಲಿಕೆಯ ಯೋಜನೆಯಿಂದ 389 ಮರಗಳಿಗೆ ಸಂಚಕಾರ ಬರಲಿದೆಯೆಂದು 2023ರಲ್ಲಿ ತಿಳಿದಾಗ ಅಲ್ಲಿನ ನಾಗರಿಕರು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಒಡೆಯಲೇಬೇಕೇ, ದುರಸ್ತಿಯಿಂದ ಆಗದೇ ಎಂಬ ಸರಳವಾದ ಪ್ರಶ್ನೆಯನ್ನು ಕೇಳಿದರು. ತಜ್ಞರ ಸಮಿತಿ ಕುಳಿತಿತು. ಒಡೆಯುವ ಅಗತ್ಯವಿಲ್ಲವೆಂದು ಅದರಲ್ಲಿದ್ದ ಐ.ಐ.ಟಿ. ಪ್ರಾಧ್ಯಾಪಕರು ಅಭಿಪ್ರಾಯಪಟ್ಟರು. ಕಡೆಗೆ ದುರಸ್ತಿಯ ಮಾರ್ಗವೇ ಮುಂದೆ ಬಂದಿತು. ಮಲಬಾರ್ ಹಿಲ್ಲಿನ ನಿವಾಸಿಗಳಿಗೆ ವಕೀಲರೂ ಇಂಜಿನಿಯರುಗಳೂ ನೆರೆಹೊರೆಯಲ್ಲಿಯೇ ಸಿಗುತ್ತಾರೆ. ಗೋವಂಡಿಯ ನಿವಾಸಿ ಇದೇ ಪ್ರಶ್ನೆಯನ್ನು ಕೇಳಿದ್ದರೆ ಸಮಿತಿ ಕೂರುತ್ತಿತ್ತೇ ಎಂಬ ಸಂಶಯ ನಮ್ಮನ್ನು ಬಿಟ್ಟಿಲ್ಲ. ಆದರೂ ಪ್ರಶ್ನೆ ಕೇಳಿದರೆ ಉತ್ತರ ಹುಟ್ಟುತ್ತದೆ ಎಂಬುದಂತೂ ಸಿದ್ಧವಾಯಿತು.

ಕಡಿದ ಮರಗಳ ಕಥೆ ಪತ್ರಿಕೆಗಳ ಮೊದಲ ಪುಟಕ್ಕೆ ಬರುತ್ತದೆ. ನಿಂತಿರುವ ಮರಗಳಿಂದ ಉದುರಿದ ಎಲೆಯ ಕಥೆ ಎಲ್ಲಿಗೂ ಬರುವುದಿಲ್ಲ. ಮಳೆಗಾಲಕ್ಕೆ ಮುಂಚೆ ಕೊಂಬೆ ಸವರುವ ಕೆಲಸ ನಗರದ ತುಂಬ ನಡೆಯುತ್ತದೆ. ಸವರಿದ ಕೊಂಬೆಗಳು ಕಾಲುದಾರಿಯ ಮೇಲೆ ದಿನಗಟ್ಟಲೆ ಬಿದ್ದಿರುತ್ತವೆ. ಆಮೇಲೆ ಲಾರಿ ಬಂದು ಹಸಿರು ಸೊಪ್ಪು, ತರಗೆಲೆ, ಪ್ಲಾಸ್ಟಿಕ್ ಚೀಲ ಎಲ್ಲವನ್ನೂ ಒಟ್ಟಿಗೆ ಹೇರಿಕೊಂಡು ಹೋಗುವ ದೃಶ್ಯ ನಮಗೆಲ್ಲ ಪರಿಚಿತವೇ. 1927ರಿಂದ ಕಸ ಸುರಿಯಲ್ಪಡುತ್ತ ಬಂದ ದೇವನಾರದ ಗುಡ್ಡ 2016ರ ಜನವರಿಯಲ್ಲಿ ದಿನಗಟ್ಟಲೆ ಹೊತ್ತಿ ಉರಿದು ಹೊಗೆ ನಗರದ ಮೇಲೆ ಕವಿದುದನ್ನು ಮರೆತಿರಾ? ಗಾಳಿಯಾಡದ ಕಸದ ರಾಶಿಯೊಳಗೆ ಸಿಕ್ಕಿದ ಎಲೆ ಗೊಬ್ಬರವಾಗುವುದಿಲ್ಲ; ಕೊಳೆತು, ಹತ್ತಿ ಉರಿಯುವ ಮಿಥೇನ್ ಅನಿಲವಾಗುತ್ತದೆ. ಉದ್ಯಾನಗಳ ಕಸವನ್ನು ಪ್ರತ್ಯೇಕವಾಗಿ ಕೂಡಿಸಿ, ಸಾಧ್ಯವಾದಷ್ಟು ಮಟ್ಟಿಗೆ ಆಯಾ ಉದ್ಯಾನದಲ್ಲಿಯೇ ಸಂಸ್ಕರಿಸಬೇಕೆಂದು ಕೇಂದ್ರ ಸರಕಾರವು 2016ರ ನಿಯಮಗಳಲ್ಲಿಯೇ ಹೇಳಿತ್ತು. 2017ರ ಅಕ್ಟೋಬರ್ 2ರಿಂದ ದಿನಕ್ಕೆ ನೂರು ಕಿಲೋಗಿಂತ ಹೆಚ್ಚು ಕಸ ಹೊರಡುವ ಹೌಸಿಂಗ್ ಸೊಸೈಟಿಗಳು ತಮ್ಮ ಹಸಿಕಸವನ್ನು ತಮ್ಮ ಆವರಣದಲ್ಲಿಯೇ ಗೊಬ್ಬರ ಮಾಡಿಕೊಳ್ಳಬೇಕೆಂದು ಪಾಲಿಕೆಯೂ ಕಟ್ಟಪ್ಪಣೆ ಹೊರಡಿಸಿತು. ನಾಗರಿಕನಿಗೆ ಹೇಳಿದ ಬುದ್ಧಿಯನ್ನು ಪಾಲಿಕೆಯು ತನ್ನ ಪ್ರತಿಯೊಂದು ತೋಟದಲ್ಲಿಯೂ ಮೊದಲು ನಡೆಸಿ ತೋರಿಸುವುದು ಮೇಲಲ್ಲವೇ? ಕೆಲವು ಉದ್ಯಾನಗಳಲ್ಲಿ ಗುಂಡಿಗಳಾಗಿರುವುದು ನಿಜ. ಕೆಲವೇ ಸಾಲದು.

ಈ ವಿಷಯದಲ್ಲಿ ನಮ್ಮವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ತರಗೆಲೆ ಗುಡಿಸಿ ತಂದು ಹಟ್ಟಿಗೆ ಹಾಸಿ, ದನದ ತುಳಿತ, ಸೆಗಣಿ, ಗಂಜಲಗಳಿಂದ ಅದನ್ನು ಗೊಬ್ಬರ ಮಾಡಿ ಗದ್ದೆಗೆ ಹೊತ್ತ ಮನೆಗಳಿಂದಲೇ ಮುಂಬಯಿಯ ಎಷ್ಟೋ ಕನ್ನಡಿಗರು ಬಂದವರು. ಉತ್ತರ ಕನ್ನಡದಲ್ಲಿ ಅಡಿಕೆ ತೋಟದವನಿಗೆ ಸೊಪ್ಪಿನ ಬೆಟ್ಟವೆಂಬ ಹಕ್ಕೇ ಇದೆ. ತೋಟದ ಫಲ ಬೆಟ್ಟದ ಸೊಪ್ಪಿನಲ್ಲಿದೆ ಎಂದು ಸರಕಾರದ ದಾಖಲೆಯೇ ಒಪ್ಪಿಕೊಂಡ ಹಕ್ಕು ಅದು. ಆ ಮನೆಯ ಮೊಮ್ಮಗ ಇಲ್ಲಿ ಸೊಸೈಟಿಯ ಕಾರ್ಯದರ್ಶಿಯಾಗಿ ಅಂಗಳದ ಎಲೆಯನ್ನು ಹೊರಸಾಗಿಸಲು ಹಣ ಕೊಡುತ್ತಾನೆ, ಕುಂಡದ ಗಿಡಗಳಿಗೆ ಗೊಬ್ಬರವನ್ನೂ ಹಣ ಕೊಟ್ಟೇ ತರಿಸುತ್ತಾನೆ. ಒಣ ಎಲೆಯ ಜೊತೆಗೆ ಅಡಿಗೆಮನೆಯ ಹಸಿಕಸವನ್ನು ಪದರ ಪದರವಾಗಿ ಹಾಕಿ, ತೇವವಾರದಂತೆ ನೋಡಿಕೊಂಡು, ಆಗಾಗ ಮಗುಚಿದರೆ ಕೆಲವೇ ತಿಂಗಳಲ್ಲಿ ಕಪ್ಪು ಗೊಬ್ಬರ ಸಿದ್ಧ. ಮಳೆಮರದ ಸಣ್ಣ ಎಲೆ ಬೇಗ ಕರಗುತ್ತದೆ. ಮಾವು, ಹಲಸುಗಳ ದಪ್ಪ ಎಲೆಯನ್ನು ಕತ್ತರಿಸಿ ಹಾಕಬೇಕು.

ಇನ್ನು ಉದ್ಯಾನಗಳ ಸುಧಾರಣೆ. ಈ ಹೆಸರಿನಲ್ಲಿ ಮಂಜೂರಾಗುವ ಹಣ ಹೋಗುವುದು ಬಹುಮಟ್ಟಿಗೆ ಹಾಸುಬಿಲ್ಲೆ, ಕಾರಂಜಿ, ದೀಪದ ಕಂಬ, ಕಮಾನುಗಳಿಗೆ. ಅವುಗಳಿಗೆ ಟೆಂಡರು ಕರೆಯಬಹುದು, ಅಳೆಯಬಹುದು, ಉದ್ಘಾಟಿಸಬಹುದು. ಮರದ ಬುಡಕ್ಕೆ ನೀರು ಹಾಕುವ ಮಾಲಿಯ ಕೆಲಸಕ್ಕೆ ಉದ್ಘಾಟನೆಯೆಲ್ಲಿಂದ ಬರಬೇಕು? ಕಾಲುದಾರಿಗಳಲ್ಲಿಯೂ ಇದೇ ಪಾಡು. ಕಾಂಕ್ರೀಟನ್ನು ಕಾಂಡಕ್ಕೆ ಮುತ್ತುವಂತೆ ಸುರಿಯುತ್ತಾರೆ. ಬೇರಿಗೆ ಗಾಳಿಯೂ ಇಲ್ಲ, ನೀರೂ ಇಲ್ಲ. ಚರಂಡಿಗೆಂದೂ ತಂತಿಗೆಂದೂ ಅಗೆಯುವಾಗ ಇದ್ದ ಬೇರೂ ತುಂಡಾಗುತ್ತದೆ. ಜುಲೈ ತಿಂಗಳ ಬಿರುಗಾಳಿಗೆ ಅಂಥ ಮರ ಉರುಳಿ ಯಾರದೋ ಪ್ರಾಣ ತೆಗೆದಾಗ, ಮರವೇ ಅಪಾಯಕಾರಿಯೆಂದು ನೆರೆಯ ಮರಗಳಿಗೂ ಕೊಡಲಿ ಬೀಳುತ್ತದೆ. ಮರದ ಸುತ್ತ ಒಂದು ಮೀಟರಿನಷ್ಟು ಜಾಗದಿಂದ ಕಾಂಕ್ರೀಟನ್ನು ತೆಗೆಯಬೇಕೆಂದು ದಿಲ್ಲಿಯ ಮಟ್ಟಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿಯೇ ಆಜ್ಞೆ ಮಾಡಿತ್ತು. ಹೊಸ ಕಾಂಕ್ರೀಟ್ ರಸ್ತೆಗಳಿಗೆ ಧಾರಾಳವಾಗಿ ಹಣ ಸುರಿಯುವ ಮುಂಬಯಿಗೆ ಆ ಒಂದು ಮೀಟರ್ ಭಾರವಾಗಬಾರದು.

ಬೆಂಗಳೂರಿನಲ್ಲಿ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಲಕ್ಷಾಂತರ ಮರಗಳನ್ನು ಬೀದಿಬೀದಿಗಳಲ್ಲಿ ಎಬ್ಬಿಸಿ ನಿಲ್ಲಿಸಿದರು. ಎಳೆಯ ಸಸಿಗಳ ಬದಲು ಎತ್ತರಕ್ಕೆ ಬೆಳೆಸಿದ ಗಿಡಗಳನ್ನು ನೆಟ್ಟು, ಸುತ್ತ ಕಾವಲಿನ ಬೇಲಿ ಕಟ್ಟಿ, ಆಯಾ ಬೀದಿಯ ಮನೆಯವರನ್ನು ಒಲಿಸಿಕೊಂಡುದು ಅವರ ಯಶಸ್ಸಿನ ಗುಟ್ಟು. ಅನಂತರದ ಬೆಂಗಳೂರು ರಸ್ತೆ ಅಗಲ ಮಾಡುವ ಭರದಲ್ಲಿ ಅವುಗಳಲ್ಲಿ ಎಷ್ಟನ್ನು ಕಳೆದುಕೊಂಡಿತೆಂಬುದು ಬೇರೆಯೇ ದುಃಖದ ವಿಷಯ.

ಮುಂಬಯಿ ಪಾಲಿಕೆಯಲ್ಲಿ 2022ರ ಮಾರ್ಚಿನಿಂದ ವರ್ಷಗಟ್ಟಲೆ ಚುನಾಯಿತ ಸದಸ್ಯರೇ ಇರಲಿಲ್ಲ. ಆಯುಕ್ತರೇ ಆಡಳಿತಾಧಿಕಾರಿ, ಅವರೇ ವೃಕ್ಷ ಪ್ರಾಧಿಕಾರದ ಅಧ್ಯಕ್ಷರು. ರಸ್ತೆಗೋ ಸೇತುವೆಗೋ ಮರ ಕಡಿಯಲು ಅರ್ಜಿ ಹಾಕುವ ಇಲಾಖೆಗಳೂ ಅವರ ಕೈಕೆಳಗಿನವೇ. ಬೇಡುವವನೂ ಕೊಡುವವನೂ ಒಬ್ಬನೇ ಆದಾಗ ನಡುವೆ ಕೇಳುವವರು ಯಾರು? 2026ರ ಜನವರಿಯ ಚುನಾವಣೆಯಿಂದ ಈ ಕೊರತೆ ನೀಗಿದೆ. ನಮ್ಮ ವಾರ್ಡಿನ ಸದಸ್ಯರನ್ನು ಕೇಳಬೇಕಾದುದು ಹೆಚ್ಚೇನಿಲ್ಲ: ಕಳೆದ ಐದು ವರ್ಷಗಳಲ್ಲಿ ಕಡಿದ ಮರಗಳಿಗೆ ಬದಲಾಗಿ ನೆಟ್ಟ ಸಸಿಗಳು ಎಲ್ಲಿವೆ, ಎಷ್ಟು ಬದುಕಿವೆ, ವಾರ್ಡಿನ ಉದ್ಯಾನದ ಎಲೆ ಎಲ್ಲಿಗೆ ಹೋಗುತ್ತದೆ, ಬೀದಿಯ ಮರಗಳ ಬುಡವನ್ನು ಯಾವ ತಾರೀಕಿನೊಳಗೆ ಬಿಡಿಸಿಕೊಡುತ್ತಾರೆ.

ಪ್ರಕಟನೆಯ ಭಾಷೆ ತಿಳಿಯದು, ಆಕ್ಷೇಪ ಬರೆಯುವ ರೀತಿ ಗೊತ್ತಿಲ್ಲ ಎನ್ನುವವರು ನಮ್ಮಲ್ಲಿ ಇದ್ದೇ ಇದ್ದಾರೆ. ಯಕ್ಷಗಾನಕ್ಕೂ ನಾಟಕಕ್ಕೂ ಸನ್ಮಾನಕ್ಕೂ ಸಮಯವಿರುವ ನಮ್ಮ ಸಂಘಸಂಸ್ಥೆಗಳು, ವಾರಕ್ಕೊಂದು ಸಂಜೆ ಮರಾಠಿ ಬಲ್ಲ ಒಬ್ಬ ಸದಸ್ಯರನ್ನು ಕಛೇರಿಯಲ್ಲಿ ಕೂರಿಸಿ, ಕೇಳಿ ಬಂದವರಿಗೆ ಆ ಅರ್ಜಿಯನ್ನು ಬರೆದುಕೊಡುವ ಏರ್ಪಾಡು ಮಾಡಲಿ. ಆಕ್ಷೇಪಕ್ಕೆ ಸಿಗುವ ಅವಕಾಶ ಕೆಲವೇ ದಿನಗಳದ್ದು. ಮುಂದಿನ ಮಳೆಗಾಲದ ಕೊಂಬೆ ಸವರುವಿಕೆಗೆ ಮುಂಚೆಯೇ ಇದು ಆರಂಭವಾಗಬೇಕು.