ಖಾತೆಗೆ ಮರಳಿ ಬಂದ ಹಣ ಯಾರದು?

ನಾಲ್ವರು ಹೋಟೆಲಿಗೆ ಹೋಗಿ ಹೊಟ್ಟೆ ತುಂಬ ಉಣ್ಣುತ್ತಾರೆ. ಬಿಲ್ಲು 640 ರೂಪಾಯಿ. ಗಲ್ಲಾದ ಎದುರಿಗಿರುವ ಕ್ಯೂಆರ್ ಕೋಡ್‌ಗೆ ಮೊಬೈಲ್ ಹಿಡಿದು, ಮೊತ್ತ ನಮೂದಿಸಿ, ಪಿನ್ ಒತ್ತುತ್ತಾರೆ. ಹಣ ಕಡಿತವಾಯಿತೆಂದು ಬ್ಯಾಂಕಿನ ಸಂದೇಶ ಬರುತ್ತದೆ. ಆದರೆ ಗಲ್ಲಾದ ಮೇಲಿನ ಸೌಂಡ್ ಬಾಕ್ಸ್ ಬಾಯಿ ಬಿಡುವುದಿಲ್ಲ. ಹಿಂದೆ ಜನರು ಸಾಲುಗಟ್ಟಿ ನಿಂತಿದ್ದಾರೆ. ‘ನೋಡಿ, ನನ್ನ ಖಾತೆಯಿಂದ ಹೋಗಿದೆ’ ಎಂದು ಗ್ರಾಹಕ ಪರದೆಯನ್ನು ತೋರಿಸುತ್ತಾನೆ. ಮಾಲಕ ಅವನ ಮುಖ ನೋಡಿ, ‘ಆಯಿತು, ಹೋಗಿ’ ಎನ್ನುತ್ತಾನೆ. ಎರಡು ಅಥವಾ ಮೂರು ದಿನ ಕಳೆದು ಆ 640 ರೂಪಾಯಿ ಗ್ರಾಹಕನ ಖಾತೆಗೇ ಮರಳಿ ಬರುತ್ತದೆ.

ಆಮೇಲೆ ಏನಾಗುತ್ತದೆ? ನಮ್ಮ ಸಮುದಾಯ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಆ ಹಣವನ್ನು ಹಿಡಿದುಕೊಂಡು ಮತ್ತೆ ಆ ಹೋಟೆಲಿನ ಮೆಟ್ಟಿಲು ಹತ್ತುವವರು ನಮ್ಮಲ್ಲಿ ಎಷ್ಟು ಮಂದಿ? ‘ನೆಟ್‌ವರ್ಕ್ ಸಮಸ್ಯೆ’, ‘ಸರ್ವರ್ ಡೌನ್’ ಎಂಬ ಎರಡು ಪದಗಳಲ್ಲಿ ನಾವು ಈ ವಿಷಯವನ್ನು ಮುಗಿಸಿಬಿಡುತ್ತೇವೆ. ತಂತ್ರಜ್ಞಾನದ ಭಾಷೆಯಲ್ಲಿ ಅದು ವಿಫಲವಾದ ವ್ಯವಹಾರ ಇರಬಹುದು. ಧರ್ಮದ ಭಾಷೆಯಲ್ಲಿ ಅದು ಸಾಲ. ಆ ಸಾಲ ತನ್ನ ಮೇಲಿದೆ ಎಂದು ಗೊತ್ತಿದ್ದೂ ಸುಮ್ಮನಿರುವವನು ಪರರ ಸೊತ್ತನ್ನು ತಿನ್ನುತ್ತಿದ್ದಾನೆ.

ಮೊದಲು ಈ ವ್ಯವಸ್ಥೆ ಹೇಗೆ ನಡೆಯುತ್ತದೆಂದು ತಿಳಿಯೋಣ. ಯುಪಿಐ ಪದ್ಧತಿ ಆರಂಭವಾದುದು 2016ರ ಎಪ್ರಿಲ್‌ನಲ್ಲಿ. ಅದೇ ವರ್ಷ ನವೆಂಬರ್ 8ರ ನೋಟು ನಿಷೇಧದ ಬಳಿಕ ಅದು ಮನೆಮನೆಗೆ ಬಂತು. ಇಂದು ಎಳನೀರು ಮಾರುವವನ ಗಾಡಿಯಲ್ಲಿ, ಮೀನು ಮಾರುವ ಮಹಿಳೆಯ ಬುಟ್ಟಿಯ ಪಕ್ಕದಲ್ಲಿ, ರಮಝಾನಿನ ಸಂಜೆಯ ಸಮೋಸಾ ಅಂಗಡಿಯಲ್ಲಿ ಕ್ಯೂಆರ್ ಕೋಡ್ ಇದೆ. ದೊಡ್ಡ ಅಂಗಡಿಗಳಲ್ಲಿ ಕಾರ್ಡನ್ನೋ ಮೊಬೈಲನ್ನೋ ಯಂತ್ರದ ಹತ್ತಿರ ತಂದರೆ ಸಾಕು. 2021ರ ಜನವರಿಯಿಂದ 5000 ರೂಪಾಯಿಯವರೆಗೆ ಕಾರ್ಡಿಗೆ ಪಿನ್ ಕೂಡ ಬೇಕಿಲ್ಲದಂತೆ ಮಿತಿಯನ್ನು ಏರಿಸಲಾಗಿದೆ. ಹಣವು ಗ್ರಾಹಕನ ಬ್ಯಾಂಕಿನಿಂದ ಹೊರಟು, ನಡುವಿನ ವ್ಯವಸ್ಥೆಯನ್ನು ದಾಟಿ, ವ್ಯಾಪಾರಿಯ ಬ್ಯಾಂಕನ್ನು ಸೇರಬೇಕು. ಈ ಕೊಂಡಿಗಳಲ್ಲಿ ಒಂದು ಕಳಚಿದರೂ ಹಣ ಮಧ್ಯದಲ್ಲಿ ನಿಲ್ಲುತ್ತದೆ.

ಹೀಗೆ ನಿಂತ ಹಣಕ್ಕೆ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ನಿಯಮ ರೂಪಿಸಿತು. ಯುಪಿಐ ಮೂಲಕ ಅಂಗಡಿಗೆ ಪಾವತಿಸುವಾಗ ಖಾತೆಯಿಂದ ಹಣ ಕಡಿತವಾಗಿ, ವ್ಯಾಪಾರಿಗೆ ದೃಢೀಕರಣ ತಲುಪದಿದ್ದರೆ, ಐದು ದಿನಗಳೊಳಗೆ ಅದು ತಾನಾಗಿಯೇ ಗ್ರಾಹಕನ ಖಾತೆಗೆ ಮರಳಬೇಕು. ತಡವಾದರೆ ದಿನವೊಂದಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಒಳ್ಳೆಯ ನಿಯಮ. ಆದರೆ ಈ ನಿಯಮ ಯಾರನ್ನು ಕಾಪಾಡುತ್ತದೆ ಎಂಬುದನ್ನು ಗಮನಿಸಿ. ಅದು ಗ್ರಾಹಕನನ್ನು ಕಾಪಾಡುತ್ತದೆ. ‘ಆಯಿತು, ಹೋಗಿ’ ಎಂದು ನಂಬಿ ಕಳುಹಿಸಿದ ವ್ಯಾಪಾರಿಗೆ ತಾನಾಗಿಯೇ ಮರಳುವ ಹಣ ಯಾವುದೂ ಇಲ್ಲ. ಅನ್ನ ಹೋಯಿತು, ಮೀನು ಹೋಯಿತು, ಗ್ಯಾಸು ಉರಿದು ಹೋಯಿತು. ಅವನ ಹಣ ಮರಳಬೇಕಾದರೆ ಇರುವುದು ಒಂದೇ ದಾರಿ: ಗ್ರಾಹಕನ ಅಂತರಾತ್ಮ. ಅಲ್ಲಾಹನ ಭಯಕ್ಕೆ ಕೆಲಸ ಸಿಗುವುದು ನಿಖರವಾಗಿ ಇಂತಹ ಜಾಗದಲ್ಲಿ. ಪೊಲೀಸರು, ನ್ಯಾಯಾಲಯ, ಸಿಸಿಟಿವಿ ಇರುವಲ್ಲಿ ಎಲ್ಲರೂ ಪ್ರಾಮಾಣಿಕರೇ.

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದರ ಬಗ್ಗೆ ಇದೆ? ನಮಾಝಿನ ಬಗ್ಗೆಯೋ ಹಜ್ಜ್‌ನ ಬಗ್ಗೆಯೋ ಅಲ್ಲ. ಸಾಲದ ಲೆಕ್ಕ ಬರೆದಿಡುವ ಬಗ್ಗೆ. ಅಲ್ ಬಕರ ಅಧ್ಯಾಯದ 282ನೆಯ ಸೂಕ್ತವು ಚಿಕ್ಕದಿರಲಿ ದೊಡ್ಡದಿರಲಿ, ಅವಧಿಯಿರುವ ಸಾಲವನ್ನು ಬರೆದಿಡಲು ಬೇಸರಿಸಬಾರದೆಂದು ಬೋಧಿಸುತ್ತದೆ. ಪ್ರವಾದಿ ಮುಹಮ್ಮದ್(ಸ)ರ ಮುಂದೆ ಒಮ್ಮೆ ಒಂದು ಮಯ್ಯಿತ್ ತರಲಾಯಿತು. ಅವರ ಮೇಲೆ ಮೂರು ದೀನಾರ್ ಸಾಲವಿತ್ತು, ತೀರಿಸಲು ಏನನ್ನೂ ಬಿಟ್ಟುಹೋಗಿರಲಿಲ್ಲ. ‘ನಿಮ್ಮ ಸಂಗಾತಿಗಾಗಿ ನೀವೇ ನಮಾಝ್ ನಿರ್ವಹಿಸಿರಿ’ ಎಂಬರ್ಥದಲ್ಲಿ ಹೇಳಿ ಪ್ರವಾದಿ(ಸ) ಹಿಂದೆ ಸರಿದರು. ಆ ಸಾಲದ ಹೊಣೆಯನ್ನು ತಾನು ಹೊರುತ್ತೇನೆಂದು ಅಬೂ ಕತಾದ(ರ) ಮುಂದೆ ಬಂದ ಮೇಲೆಯೇ ಜನಾಝ ನಮಾಝಿಗೆ ನಿಂತರು. ಬುಖಾರಿಯಲ್ಲಿರುವ ಈ ಹದೀಸನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಆದರೆ ಕೇಳುವಾಗಲೆಲ್ಲ ಲಕ್ಷಗಳ ಸಾಲ ಮಾಡಿದ ಇನ್ನೊಬ್ಬರನ್ನು ನೆನಪಿಸಿಕೊಳ್ಳುತ್ತೇವೆಯೇ ಹೊರತು, ನಮ್ಮ ಮೊಬೈಲಿನಲ್ಲಿ ‘ವಿಫಲ’ ಎಂದು ಕೆಂಪಾಗಿ ಉಳಿದಿರುವ ಆ 60 ರೂಪಾಯಿಯನ್ನಲ್ಲ.

ಇಲ್ಲಿ ಕೆಲವರು ನೆಪಗಳ ಪಟ್ಟಿಯೊಂದಿಗೆ ಬರುತ್ತಾರೆ. ಒಂದೊಂದನ್ನೇ ನೋಡೋಣ.

‘ತಪ್ಪು ಯಂತ್ರದ್ದು, ನನ್ನದಲ್ಲ.’ ನಿಜ, ಹಣ ಮಧ್ಯದಲ್ಲಿ ನಿಂತುದು ನಿಮ್ಮ ತಪ್ಪಲ್ಲ. ಆದರೆ ಮರಳಿ ಬಂದುದನ್ನು ಇಟ್ಟುಕೊಂಡದ್ದು ಯಂತ್ರವಲ್ಲ. ದಾರಿಯಲ್ಲಿ ಸಿಕ್ಕಿದ ಹಣದ ಚೀಲವನ್ನು ಒಂದು ವರ್ಷ ಕಾಲ ಘೋಷಿಸಿ, ಅದರ ಒಡೆಯನನ್ನು ಹುಡುಕಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಒಡೆಯ ಯಾರೆಂದೇ ಗೊತ್ತಿಲ್ಲದ ಹಣದ ವಿಧಿ ಇದು. ನಿಮ್ಮ ಖಾತೆಗೆ ಮರಳಿದ ಹಣದ ಹಕ್ಕುದಾರನಂತೂ ನಿಮಗೆ ಗೊತ್ತು. ಅವನ ಅಂಗಡಿಯ ಹೆಸರು ನಿಮ್ಮ ಕೈಯಲ್ಲಿರುವ ಪರದೆಯ ಮೇಲಿದೆ.

‘ಸಣ್ಣ ಮೊತ್ತ, ಅವನು ದಿನಕ್ಕೆ ಸಾವಿರಾರು ಸಂಪಾದಿಸುತ್ತಾನೆ.’ ಮೊತ್ತ ಸಣ್ಣದೆಂದು ತೀರ್ಮಾನಿಸುವ ಅಧಿಕಾರ ಕೊಡಬೇಕಾದವನಿಗೆ ಇಲ್ಲ, ಪಡೆಯಬೇಕಾದವನಿಗಿದೆ. ಚಹಾದ ಗೂಡಂಗಡಿಯಲ್ಲಿ ಒಂದು ಲೋಟಕ್ಕೆ ಉಳಿಯುವುದು ಎಷ್ಟೆಂದು ವಿಚಾರಿಸಿ ನೋಡಿ. 60 ರೂಪಾಯಿ ಹೋದರೆ ಅದನ್ನು ತುಂಬಿಸಲು ಅವನು ಎಷ್ಟು ಲೋಟ ತೊಳೆಯಬೇಕೆಂದು ಆಗ ಅರ್ಥವಾಗುತ್ತದೆ. ಕೆಲವು ಕಡೆ ರಾತ್ರಿ ಲೆಕ್ಕ ಕಡಿಮೆ ಬಿದ್ದರೆ, ಅದು ಗಲ್ಲಾದಲ್ಲಿ ಕುಳಿತ ಹುಡುಗನ ಸಂಬಳದಿಂದ ಕಡಿತವಾಗುತ್ತದೆ.

‘ಅವನು ಕೇಳಲೇ ಇಲ್ಲವಲ್ಲ!’ ಹೇಗೆ ಕೇಳಿಯಾನು? ನೀವು ಯಾರೆಂದು ಅವನಿಗೆ ಗೊತ್ತಿಲ್ಲ. ಅವನು ನಂಬಿದ್ದು ನಿಮ್ಮ ಮುಖವನ್ನು. ಕೆಲವೊಮ್ಮೆ ನಿಮ್ಮ ಟೋಪಿಯನ್ನು, ನಿಮ್ಮ ಗಡ್ಡವನ್ನು, ನಿಮ್ಮ ಪತ್ನಿಯ ಹಿಜಾಬನ್ನು. ನಾವು ಹಣದ ಜೊತೆಗೆ ದೀನಿನ ಮಾನವನ್ನೂ ಅವನ ಗಲ್ಲಾದಲ್ಲಿ ಅಡವಿಟ್ಟು ಬಂದಿದ್ದೇವೆ. ಅವನು ಸಹೋದರ ಸಮುದಾಯದವನಾಗಿದ್ದರೆ ಹೊಣೆ ಇನ್ನಷ್ಟು ಭಾರವಾಗುತ್ತದೆ. ಯಾಕೆಂದರೆ ಇಸ್ಲಾಮನ್ನು ಅವನು ಓದುವುದು ನಮ್ಮ ವ್ಯವಹಾರದ ಪುಟಗಳಲ್ಲಿ.

ಇನ್ನು, ಹಣ ಕಳುಹಿಸಿದಂತೆ ತೋರುವ ನಕಲಿ ಆ್ಯಪ್ ಬಳಸುವವರ, ಹಳೆಯ ಪಾವತಿಯ ಸ್ಕ್ರೀನ್‌ಶಾಟ್ ತೋರಿಸಿ ನಡೆದುಬಿಡುವವರ ಬಗ್ಗೆ ಹೆಚ್ಚು ಮಾತು ಬೇಕಿಲ್ಲ. ಅದು ಕಳ್ಳತನ. ಗೆಳೆಯರ ಗುಂಪಿನಲ್ಲಿ ಅದನ್ನು ಜಾಣತನವೆಂದು ಹೇಳಿಕೊಂಡು ನಗುವ ಯುವಕನಿಗೂ, ಆ ನಗುವಿನಲ್ಲಿ ಜೊತೆಗೂಡುವವರಿಗೂ ಇದು ತಿಳಿದಿರಲಿ.

ಹಾಗಂತ ಈ ಲೇಖನ ಗ್ರಾಹಕನಿಗೆ ಮಾತ್ರ ಬೆರಳು ತೋರಿಸುವುದಲ್ಲ. ಗಲ್ಲಾದ ಆ ಬದಿಯಲ್ಲೂ ನಮ್ಮವರೇ ಇದ್ದಾರೆ. ಸೌಂಡ್ ಬಾಕ್ಸ್ ಸುಮ್ಮನಿದ್ದುದರಿಂದ ಗ್ರಾಹಕ ಎರಡನೆಯ ಬಾರಿ ಪಾವತಿಸುತ್ತಾನೆ; ರಾತ್ರಿ ನೋಡಿದರೆ ಎರಡೂ ಮೊತ್ತ ಖಾತೆಗೆ ಬಂದಿರುತ್ತವೆ. ಅವಸರದಲ್ಲಿ 150ರ ಬದಲು 1500 ಒತ್ತಿದವರೂ ಇದ್ದಾರೆ. ‘ಬಂದು ಕೇಳಿದರೆ ಕೊಟ್ಟರಾಯಿತು’ ಎಂದು ವ್ಯಾಪಾರಿ ಮಲಗಿಬಿಟ್ಟರೆ, ಅವನಿಗೂ ಆ ಗ್ರಾಹಕನಿಗೂ ವ್ಯತ್ಯಾಸವೇನು? ಗುಹೆಯಲ್ಲಿ ಸಿಲುಕಿದ ಮೂವರ ಹದೀಸ್ ನಮ್ಮ ಮದ್ರಸಾದ ಮಕ್ಕಳಿಗೂ ಗೊತ್ತು. ಅವರಲ್ಲೊಬ್ಬ, ಕೂಲಿ ಪಡೆಯದೆ ಹೊರಟುಹೋದ ಕೆಲಸಗಾರನ ಪಾಲನ್ನು ಜೋಪಾನವಾಗಿ ಬೆಳೆಸಿದ. ವರ್ಷಗಳ ನಂತರ ಆ ಕೆಲಸಗಾರ ಬಂದು ಕೇಳಿದಾಗ, ಅದರಿಂದ ಬೆಳೆದ ಜಾನುವಾರುಗಳನ್ನೆಲ್ಲ ಒಪ್ಪಿಸಿಬಿಟ್ಟ. ಈ ಕರ್ಮವನ್ನು ಮುಂದಿಟ್ಟು ಅವನು ಪ್ರಾರ್ಥಿಸಿದಾಗ ಗುಹೆಯ ಬಾಯಿಯ ಬಂಡೆ ಸರಿಯಿತು. ಅವನಲ್ಲಿ ಲೆಕ್ಕ ತೋರಿಸುವ ಯಂತ್ರವಿರಲಿಲ್ಲ. ಬಂದವನಿಗೆ ಹಳೆಯ ಕೂಲಿಯನ್ನಷ್ಟೇ ಕೊಟ್ಟು ಕಳುಹಿಸಿದ್ದರೆ ಜಗತ್ತು ಅವನನ್ನು ಒಳ್ಳೆಯವನೆಂದೇ ಹೊಗಳುತ್ತಿತ್ತು.

ವ್ಯಾಪಾರಿಗಳಲ್ಲಿ ಇನ್ನೊಂದು ಕೆಟ್ಟ ಅಭ್ಯಾಸ ಬೆಳೆಯುತ್ತಿದೆ. ನೂರರ ನೋಟು ಹಿಡಿದು ಬಂದ ವೃದ್ಧರಿಗೆ ‘ಚಿಲ್ಲರೆ ಇಲ್ಲ, ಫೋನಿನಲ್ಲಿ ಹಾಕಿ’ ಎಂದು ಗದರುವುದು. ಫೋನೇ ಇಲ್ಲದ ವಿಧವೆ, ಬ್ಯಾಂಕಿನ ಖಾತೆ ಮಗನ ಮೊಬೈಲಿಗೆ ಜೋಡಿಸಲ್ಪಟ್ಟ ತಾಯಿ, ಅಕ್ಷರ ಬಾರದ ಕೂಲಿಕಾರ ಇವರೆಲ್ಲ ಅಂಗಡಿಯ ಮುಂದೆ ಅಪರಾಧಿಗಳಂತೆ ನಿಲ್ಲಬೇಕೇ? ನೋಟು ಈ ದೇಶದ ಕಾನೂನುಬದ್ಧ ಹಣ. ಅದನ್ನು ಹಿಡಿದವರು ಭಿಕ್ಷೆ ಬೇಡುತ್ತಿಲ್ಲ. ಮಾರುವಾಗಲೂ ಕೊಳ್ಳುವಾಗಲೂ ಹಕ್ಕು ಕೇಳುವಾಗಲೂ ಮೃದುವಾಗಿ ವರ್ತಿಸುವವನಿಗೆ ಅಲ್ಲಾಹನ ಕರುಣೆಯಿರಲೆಂದು ಪ್ರವಾದಿ(ಸ) ಪ್ರಾರ್ಥಿಸಿದ್ದಾರೆ. ಗಲ್ಲಾದಲ್ಲಿ ನಾಲ್ಕು ಚಿಲ್ಲರೆ ನೋಟು ಇಟ್ಟುಕೊಳ್ಳುವುದು ಆ ಮೃದುತ್ವದ ಅತಿ ಸಣ್ಣ ರೂಪ.

ಹಾಗಾದರೆ ಇದೆಲ್ಲ ಬಿಟ್ಟು ನಗದಿಗೇ ಮರಳಿದರಾಗದೇ ಎಂದು ಕೇಳುವವರಿದ್ದಾರೆ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಲೆಕ್ಕವನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿದಾಗ, ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ ‘ನಗದು ಮಾತ್ರ’ ಎಂಬ ಫಲಕ ಬಂತು. ಸಣ್ಣ ವ್ಯಾಪಾರಿಯ ಭಯಕ್ಕೆ ಕಾರಣವಿತ್ತು. ಸರಕು ಮಾರುವವನಿಗೆ ವರ್ಷಕ್ಕೆ 40 ಲಕ್ಷ, ಸೇವೆ ನೀಡುವವನಿಗೆ 20 ಲಕ್ಷ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕೆಂಬುದನ್ನು, ಹಾಲು ತರಕಾರಿಯಂತಹ ವಸ್ತುಗಳಿಗೆ ವಿನಾಯಿತಿ ಇದೆಯೆಂಬುದನ್ನು ಅವನಿಗೆ ಮೊದಲೇ ತಿಳಿಸಿ ಹೇಳಬೇಕಾದುದು ಸರಕಾರದ ಕರ್ತವ್ಯ. ಆದರೆ ದಾಖಲೆಯಿಂದ ಓಡಿಹೋಗುವುದು ಪರಿಹಾರವಲ್ಲ. ಬರೆದಿಡಿ ಎಂದು ಬೋಧಿಸುವ ಗ್ರಂಥದ ಅನುಯಾಯಿಗಳಿಗೆ ಬರಹದ ಭಯ ಯಾಕೆ? ಮೊಬೈಲ್ ಪಾವತಿಯು ದಿನ, ಗಂಟೆ, ಮೊತ್ತ, ಹೆಸರು ಎಲ್ಲವನ್ನೂ ಬರೆದಿಡುತ್ತದೆ. ನಮ್ಮ ಅಜ್ಜಂದಿರ ಕಾಲದ ಲೆಕ್ಕದ ಪುಸ್ತಕದಲ್ಲಿ ಇಷ್ಟು ಸ್ಪಷ್ಟತೆ ಇರಲಿಲ್ಲ.

ಈ ಸ್ಪಷ್ಟತೆಯೇ ನಮ್ಮ ಕೊನೆಯ ನೆಪವನ್ನೂ ಕಿತ್ತುಕೊಳ್ಳುತ್ತದೆ. ಹಿಂದೆ ಬಸ್ ನಿಲ್ದಾಣದ ಅಂಗಡಿಯಲ್ಲಿ ಬಾಕಿ ಉಳಿದರೆ, ಆ ಊರಿಗೆ ಮತ್ತೆ ಹೋಗುವವರೆಗೆ ತೀರಿಸುವ ದಾರಿಯಿರಲಿಲ್ಲ. ಈಗ ಹಾಗಲ್ಲ. ಹೆಚ್ಚಿನ ಪಾವತಿಗಳಲ್ಲಿ, ಆ್ಯಪ್‌ನ ಇತಿಹಾಸದಲ್ಲಿ ಆ ಅಂಗಡಿಯ ಹೆಸರನ್ನು ಒತ್ತಿ, ಮನೆಯ ಜಗಲಿಯಲ್ಲಿ ಕುಳಿತೇ ಅದೇ ಖಾತೆಗೆ ಮತ್ತೆ ಹಣ ಕಳುಹಿಸಬಹುದು. ಅದು ಸಾಧ್ಯವಾಗದಿದ್ದರೆ ಅಂಗಡಿಗೆ ಹೋಗಿ ಕೊಡಬೇಕು. ಮಾಲಕ ತೀರಿಕೊಂಡಿದ್ದರೆ ವಾರಸುದಾರರಿಗೆ ಕೊಡಬೇಕು. ಎಷ್ಟು ಹುಡುಕಿದರೂ ಯಾರೂ ಸಿಗದಿದ್ದರೆ ಏನು ಮಾಡಬೇಕೆಂದು ಊರಿನ ಆಲಿಮರನ್ನು ಕೇಳಿ. ಆದರೆ ಹುಡುಕುವ ಮೊದಲೇ ‘ಮಸೀದಿಯ ಡಬ್ಬಿಗೆ ಹಾಕಿದೆ’ ಎಂದು ಸಮಾಧಾನ ಪಡುವುದು ಬೇಡ. ಒಬ್ಬರಿಗೆ ಸಲ್ಲಬೇಕಾದುದನ್ನು ಇನ್ನೊಬ್ಬರಿಗೆ ಕೊಟ್ಟರೆ ಅದು ದಾನವಾಗುವುದಿಲ್ಲ.

ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಅಂತ್ಯದಿನದಲ್ಲಿ ಬಂದರೂ, ಪರರ ಹಕ್ಕು ಕಬಳಿಸಿದ್ದರಿಂದ ಪುಣ್ಯಗಳೆಲ್ಲ ಹಂಚಿಹೋಗಿ ಬರಿಗೈಯಾಗುವವನನ್ನೇ ಪ್ರವಾದಿ(ಸ) ನಿಜವಾದ ದಿವಾಳಿ ಎಂದು ಕರೆದರು. ಹಕ್ಕುಲ್ ಇಬಾದ್‌ನ ವಿಷಯದಲ್ಲಿ ಅಲ್ಲಾಹನ ಕ್ಷಮೆಯನ್ನು ಬೇಡುವ ಮುನ್ನ ದಾಸನ ಬಾಗಿಲಿಗೆ ಹೋಗಬೇಕಾಗುತ್ತದೆ. ಆ ದಿನ ಚಹಾದಂಗಡಿಯವನು ನಮ್ಮ ಎದುರು ನಿಂತು ತನ್ನ 60 ರೂಪಾಯಿ ಕೇಳಿದರೆ, ಕೊಡಲು ನಮ್ಮ ಬಳಿ ನಮಾಝುಗಳಲ್ಲದೆ ಬೇರೆ ನಾಣ್ಯವಿರುವುದಿಲ್ಲ.

ಆದ್ದರಿಂದ ಇಂದು ಇಶಾ ನಮಾಝಿನ ನಂತರ ಹೆಂಡತಿ ಮಕ್ಕಳೊಂದಿಗೆ ಕುಳಿತು ಮೊಬೈಲ್ ತೆರೆಯಿರಿ. ಕಳೆದ ತಿಂಗಳುಗಳ ಪಾವತಿಗಳಲ್ಲಿ ‘ವಿಫಲ’, ‘ಮರುಪಾವತಿ’ ಎಂದಿರುವುದನ್ನೆಲ್ಲ ಒಂದೊಂದಾಗಿ ನೋಡಿ. ಅಂದು ವಸ್ತು ಪಡೆದಿದ್ದೆವೋ ಇಲ್ಲವೋ, ಆಮೇಲೆ ಬೇರೆ ರೀತಿಯಲ್ಲಿ ಕೊಟ್ಟಿದ್ದೆವೋ ಇಲ್ಲವೋ ಎಂದು ನೆನಪಿಸಿಕೊಳ್ಳಿ. ಕೊಟ್ಟಿಲ್ಲವೆಂದಾದರೆ ಮಕ್ಕಳ ಕಣ್ಣೆದುರೇ ಕಳುಹಿಸಿ. ವ್ಯಾಪಾರಿಗಳು ಅಂಗಡಿ ಮುಚ್ಚುವ ಮುನ್ನ ಎರಡೆರಡು ಬಾರಿ ಬಂದ ಮೊತ್ತಗಳಿವೆಯೇ ಎಂದು ನೋಡಿ, ಇದ್ದರೆ ಹಿಂತಿರುಗಿಸಲಿ. ಇನ್ನು ಮುಂದೆ ಸೌಂಡ್ ಬಾಕ್ಸ್ ಮೌನವಾಗಿರುವಾಗ ನಮ್ಮ ಹೆಸರು ಮತ್ತು ಫೋನ್ ಸಂಖ್ಯೆಯನ್ನು ಗಲ್ಲಾದಲ್ಲಿ ಬರೆದುಕೊಟ್ಟು ಹೊರಡೋಣ. ಪರರ ಹಕ್ಕಿನ ಭಾರವಿಲ್ಲದ ಬೆನ್ನಿನೊಂದಿಗೆ ತನ್ನ ಮುಂದೆ ನಿಲ್ಲುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಅನುಗ್ರಹಿಸಲಿ.